ಜಾತ್ರೆಯಲ್ಲಿ ಕೊಂಡ ಹಸಿರು ಲೇಸರ್ ಮಗನ ಕೈಗೆ ಕೊಡಬಹುದೇ?

ಪ್ರಶ್ನೆ: ಎಂಟನೇ ಕ್ಲಾಸಿನ ಮಗ ಜಾತ್ರೆಯಲ್ಲಿ ಹಸಿರು ಲೇಸರ್ ಪೆನ್ ಕೊಂಡಿದ್ದಾನೆ. ಚೀಟಿಯಲ್ಲಿ ‘5 ಮಿಲಿವ್ಯಾಟ್‌ಗಿಂತ ಕಡಿಮೆ’ ಎಂದಿದೆ. ಆಡಲು ಬಿಡಬಹುದೇ?

ಬೇಡ. ಅಂಥ ಚೀಟಿಯನ್ನು ನಂಬುವಂತಿಲ್ಲ. ನಿಜವೇ ಆಗಿದ್ದರೂ 5 ಮಿಲಿವ್ಯಾಟ್ ಆಟದ ಸಾಮಾನಲ್ಲ. ಪ್ರಯೋಗಕ್ಕೆ 1 ಮಿಲಿವ್ಯಾಟ್ ದಾಟದ ಕ್ಲಾಸ್ 2 (ಇದು ಲೇಸರಿನ ಸುರಕ್ಷತಾ ದರ್ಜೆ) ಲೇಸರ್ ಸಾಕು. ಅದು ಅಕಸ್ಮಾತ್ ಕಣ್ಣಿಗೆ ಬಿದ್ದರೂ ಕಾಲು ಸೆಕೆಂಡಿನಲ್ಲಿ ರೆಪ್ಪೆ ತಾನಾಗಿ ಮುಚ್ಚಿ ಕಾಪಾಡುತ್ತದೆ. ಬೇಕೆಂದೇ ದಿಟ್ಟಿಸಿದರೆ ಆ ಕಾವಲೂ ಇಲ್ಲ.

ಹಸಿರು ಪೆನ್ನಿನ ತಕರಾರು ಬೇರೆಯೇ. ಅಗ್ಗದವುಗಳಲ್ಲಿ ಹೆಚ್ಚಿನವು ನೇರವಾಗಿ ಹಸಿರು ಬೆಳಕು ಹುಟ್ಟಿಸುವುದಿಲ್ಲ. ಒಳಗಿನ ಡಯೋಡ್ ಕೊಡುವುದು 808 ನ್ಯಾನೋಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಅವಗೆಂಪು, ಅಂದರೆ ಇನ್‌ಫ್ರಾರೆಡ್. ಒಂದು ಹರಳು ಅದನ್ನು 1064ಕ್ಕೆ ಏರಿಸುತ್ತದೆ, ಇನ್ನೊಂದು ಅದನ್ನು ಅರ್ಧಕ್ಕಿಳಿಸಿ 532ರ ಹಸಿರು ಮಾಡುತ್ತದೆ. ಉಳಿದ ಇನ್‌ಫ್ರಾರೆಡ್ ತಡೆಯಲು ತುದಿಯಲ್ಲೊಂದು ಫಿಲ್ಟರ್ ಗಾಜು ಬೇಕು. ಎಷ್ಟೋ ಪೆನ್ನುಗಳಲ್ಲಿ ಅದೇ ಇರುವುದಿಲ್ಲ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚೀತು ಹೇಗೆ? ಹಸಿರು ಮಂಕಾಯಿತು, ಸೆಲ್ ಮುಗಿದಿರಬೇಕು ಎಂದು ಮಕ್ಕಳು ಕಿಂಡಿಯೊಳಗೆ ಇಣುಕುತ್ತಾರಲ್ಲ, ಆಗಲೂ ಇನ್‌ಫ್ರಾರೆಡ್ ಜೋರಾಗಿಯೇ ಬರುತ್ತಿರಬಹುದು. ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆ, ಸುಟ್ಟರೆ ನೋವೂ ಆಗದು. ತಂಪು ಕನ್ನಡಕ ಇದಕ್ಕೆ ತಡೆಯೇ ಅಲ್ಲ.

ಮಗನಿಗೆ ಆಸಕ್ತಿಯಿದ್ದರೆ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಿಂದ 650 ನ್ಯಾನೋಮೀಟರಿನ ಕೆಂಪು, ಕ್ಲಾಸ್ 2 ಪೆನ್ ತನ್ನಿ. ಕೂದಲಿನ ದಪ್ಪ ಅಳೆಯಲಿ, ನೀವೂ ಜೊತೆಗಿರಿ. ಪೆನ್ನಿನ ಬಾಯಿಯ ನಡುಮಧ್ಯಕ್ಕೆ ಒಂದು ಕೂದಲನ್ನು ನೆಟ್ಟಗೆ ಟೇಪಿನಿಂದ ಅಂಟಿಸಿ. ಬಟ್ಟೆ ಕ್ಲಿಪ್ಪಿನಿಂದ ಗುಂಡಿ ಒತ್ತಿಹಿಡಿದು, ಪೆನ್ನನ್ನು ಕಣ್ಣಿನ ಎತ್ತರಕ್ಕಿಂತ ತುಸು ಕೆಳಗೆ, ಗೋಡೆಯಿಂದ ಸರಿಯಾಗಿ 2 ಮೀಟರ್ ದೂರದಲ್ಲಿಡಿ. ಕನ್ನಡಿ, ಸ್ಟೀಲ್ ತಟ್ಟೆ ಆಚೆಗಿರಲಿ. ಗೋಡೆಯ ಮೇಲೆ ಬೆಳಕಿನ ಗೆರೆ ಅಡ್ಡಲಾಗಿ ಹರಡಿ, ನಡುನಡುವೆ ಕತ್ತಲೆ ತುಂಡುಗಳು ಕಾಣುತ್ತವೆ. ನಡುವಿನ ಬೆಳಕಿನ ಒಂದೇ ಪಕ್ಕದಲ್ಲಿ ಒಂದರ ಮಗ್ಗುಲಿಗೊಂದು ಇರುವ ಎರಡು ಕತ್ತಲೆಗಳ ಅಂತರವನ್ನು ಮಿಲಿಮೀಟರಿನಲ್ಲಿ ಅಳೆದು 1.3ನ್ನು (650 ನ್ಯಾನೋಮೀಟರನ್ನು 2 ಮೀಟರಿನಿಂದ ಗುಣಿಸಿ, ಮಿಲಿಮೀಟರ್ ಲೆಕ್ಕದಲ್ಲಿ ಬಂದದ್ದು) ಅದರಿಂದ ಭಾಗಿಸಿ. 20 ಬಂದರೆ ಕೂದಲು 0.065 ಮಿ.ಮೀ. ತಪ್ಪುವುದೆಲ್ಲ ನಡುವಿನ ಬೆಳಕಿನಲ್ಲಿ: ಅದು ಎರಡರಷ್ಟು ಅಗಲ, ಅದನ್ನು ಅಳೆದರೆ ಕೂದಲು ಅರ್ಧವಾಗಿಬಿಡುತ್ತದೆ.

ಹಸಿರು ಪೆನ್ನಿನ ಸೆಲ್ ತೆಗೆದು ಇ-ತ್ಯಾಜ್ಯಕ್ಕೆ ಕೊಡಿ. ಈಗಾಗಲೇ ಕಣ್ಣಿಗೆ ಬಿದ್ದಿದ್ದರೆ ಒಂದೊಂದೇ ಕಣ್ಣು ಮುಚ್ಚಿಸಿ ಗ್ರಾಫ್ ಹಾಳೆ ತೋರಿಸಿ. ಗೆರೆ ಸೊಟ್ಟಗೆ ಕಂಡರೆ, ನಡುವೆ ಕಲೆಯಿದ್ದಂತೆ ಅನಿಸಿದರೆ ಅದೇ ದಿನ ಕಣ್ಣಿನ ಡಾಕ್ಟರಲ್ಲಿಗೆ ಹೋಗಿ, ಪೆನ್ನನ್ನೂ ಒಯ್ಯಿರಿ.