ಎದೆಯೊಳಗಿನ ಗ್ರಂಥಿ: ಒಂದು ಸೆಂಟಿಮೀಟರ್ ಲೆಕ್ಕ ಬಂದದ್ದು ಎಲ್ಲಿಂದ?

ಎದೆಯ ಸಿಟಿ ಸ್ಕ್ಯಾನ್ ರಿಪೋರ್ಟುಗಳಲ್ಲಿ ಆಗಾಗ ಕಾಣುವ ಒಂದು ಸಾಲಿದೆ. ಎದೆಯ ನಡುಭಾಗದಲ್ಲಿ ಲಿಂಫ್ ನೋಡ್‌ಗಳು ದೊಡ್ಡದಾಗಿವೆ, ಎಲ್ಲಕ್ಕಿಂತ ದೊಡ್ಡದು ಇಷ್ಟು ಮಿಲಿಮೀಟರ್. ಬಿಡದ ಕೆಮ್ಮು ಅಂತ ಹೋದವರ ರಿಪೋರ್ಟಿನಲ್ಲೂ ಇದು ಬರುತ್ತದೆ. ಬಿದ್ದು ಪಕ್ಕೆ ನೋವು ಮಾಡಿಕೊಂಡು ಸ್ಕ್ಯಾನ್ ಮಾಡಿಸಿದವರ ರಿಪೋರ್ಟಿನಲ್ಲೂ ಬರಬಹುದು. ಓದಿದ ಕೂಡಲೇ ಮನೆಯವರು ಕೇಳುವುದು ಒಂದೇ ಮಾತು: ಟಿಬಿನಾ, ಕ್ಯಾನ್ಸರಾ? ರಿಪೋರ್ಟ್ ಅದಕ್ಕೆ ನೇರ ಉತ್ತರ ಕೊಡುವುದಿಲ್ಲ. ಬರೆದ ವೈದ್ಯರು ಏನನ್ನೋ ಮುಚ್ಚಿಟ್ಟಿದ್ದಾರೆ ಅಂತಲ್ಲ. ಚಿತ್ರ ಹೇಳಬಲ್ಲದ್ದೇ ಅಷ್ಟು.

ಲಿಂಫ್ ನೋಡ್, ಅಂದರೆ ದುಗ್ಧಗ್ರಂಥಿ, ಎಲ್ಲರ ಮೈಯಲ್ಲೂ ಇರುತ್ತದೆ. ಕುತ್ತಿಗೆ, ಕಂಕುಳು, ತೊಡೆಸಂದಿನಲ್ಲಿ ಊದಿಕೊಂಡರೆ ಬೆರಳಿಗೆ ಸಿಗುತ್ತದೆ. ಎದೆಯೊಳಗಿನದು ಸಿಗುವುದಿಲ್ಲ. ಎರಡು ಶ್ವಾಸಕೋಶಗಳ ನಡುವೆ, ಎದೆಮೂಳೆಯ ಹಿಂದೆ, ಹೃದಯ, ದೊಡ್ಡ ರಕ್ತನಾಳಗಳು, ಶ್ವಾಸನಾಳ, ಅನ್ನನಾಳ ಎಲ್ಲ ಒತ್ತೊತ್ತಾಗಿರುವ ಜಾಗದಲ್ಲಿ ಇವು ಅಡಗಿ ಕೂತಿರುತ್ತವೆ. ಶ್ವಾಸಕೋಶದಿಂದ ಹರಿದು ಬರುವ ದುಗ್ಧರಸವನ್ನು ಸೋಸುವುದು ಇವುಗಳ ಕೆಲಸ. ಹಾಗಾಗಿ ಅಲ್ಲಿ ಸೋಂಕಾದರೂ, ಕ್ಯಾನ್ಸರಾದರೂ, ವರ್ಷಗಟ್ಟಲೆ ಹೊಗೆ, ದೂಳು ಹೋದರೂ ಇವು ದಪ್ಪಗಾಗುತ್ತವೆ.

1895ರ ನವೆಂಬರಿನಲ್ಲಿ ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ವಿಲ್‌ಹೆಲ್ಮ್ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದರು. ಎದೆಯೊಳಗೆ ಇಣುಕಲು ದಾರಿಯಾಯಿತು. ಆದರೆ ಎಕ್ಸ್‌ರೇ ಫಿಲಂನಲ್ಲಿ ಹಿಂದಿನದು ಮುಂದಿನದು ಎಲ್ಲ ಒಂದರ ಮೇಲೊಂದು ಬೀಳುತ್ತದೆ. ಶ್ವಾಸಕೋಶದ ಬುಡದಲ್ಲಿ, ರಕ್ತನಾಳಗಳು ಒಳಹೋಗುವಲ್ಲಿ, ಗ್ರಂಥಿ ಚೆನ್ನಾಗಿ ಊದಿದ್ದರೆ ಮಾತ್ರ ನೆರಳಿನ ಅಂಚು ಉಬ್ಬಿದಂತೆ ಕಾಣುತ್ತದೆ. ನಡುಭಾಗದ ಚಿಕ್ಕ ಗ್ರಂಥಿಗಳು ಹೃದಯದ ನೆರಳಿನಲ್ಲೇ ಮುಳುಗಿಹೋಗುತ್ತವೆ. ಇಷ್ಟು ಮಿತಿಯಿದ್ದರೂ ವೈದ್ಯರು ಈ ಫಿಲಂನಿಂದ ಬಹಳಷ್ಟು ಹಿಂಡಿ ತೆಗೆದರು. ಟಿಬಿಯೂ ಅಲ್ಲದ, ಕ್ಯಾನ್ಸರೂ ಅಲ್ಲದ ಸಾರ್ಕಾಯ್ಡೋಸಿಸ್ ಎಂಬ ಕಾಯಿಲೆಯಲ್ಲಿ ಎರಡೂ ಬದಿಯ ಗ್ರಂಥಿಗಳು ಸರಿಸಮವಾಗಿ ಊದುತ್ತವೆ. 1961ರಲ್ಲಿ ಬ್ರಿಟನ್ನಿನ ವೈದ್ಯ ಜೆ. ಜಿ. ಸ್ಕ್ಯಾಡಿಂಗ್ ಬರೀ ಎಕ್ಸ್‌ರೇ ನೋಡಿಯೇ ಈ ಕಾಯಿಲೆಯನ್ನು ಹಂತಗಳಾಗಿ ವಿಂಗಡಿಸಿದರು. ಗ್ರಂಥಿ ಮಾತ್ರ ಊದಿದ್ದರೆ ಮೊದಲ ಹಂತ. ಆ ಲೆಕ್ಕ ಇವತ್ತಿಗೂ ಚಾಲ್ತಿಯಲ್ಲಿದೆ.

ಖಚಿತವಾಗಿ ತಿಳಿಯಬೇಕಾದರೆ ಆಗ ಕೊಯ್ದೇ ನೋಡಬೇಕಿತ್ತು. 1959ರಲ್ಲಿ ಸ್ವೀಡನ್ನಿನ ಎರಿಕ್ ಕಾರ್ಲೆನ್ಸ್, ಕುತ್ತಿಗೆಯ ಬುಡದಲ್ಲಿ ಸಣ್ಣ ಗಾಯ ಮಾಡಿ, ಶ್ವಾಸನಾಳದ ಗುಂಟ ಕೊಳವೆ ಇಳಿಸಿ ಗ್ರಂಥಿಯ ಚೂರು ತೆಗೆಯುವ ವಿಧಾನವನ್ನು ವಿವರಿಸಿದರು. ಮೀಡಿಯಾಸ್ಟಿನೋಸ್ಕೋಪಿ ಎಂಬ ಈ ಆಪರೇಷನ್ನಿಗೆ ಪೂರ್ತಿ ಅರಿವಳಿಕೆ ಬೇಕು. ಅದಿಲ್ಲದೆ ತಿಳಿಯುವ ದಾರಿ ಬೇಕು ಎಂಬ ಆಸೆಯೇ ಮುಂದಿನ ಯಂತ್ರಗಳ ಬೆನ್ನಿಗಿತ್ತು.

1971ರ ಅಕ್ಟೋಬರಿನಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಸಿಟಿ ಯಂತ್ರದಲ್ಲಿ, ಲಂಡನ್ನಿನಲ್ಲಿ, ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳಿನ ಚಿತ್ರ ತೆಗೆದರು. ಕೆಲವೇ ವರ್ಷಗಳಲ್ಲಿ ಇಡೀ ದೇಹದ ಸ್ಕ್ಯಾನರ್ ಬಂತು. ಎದೆಯನ್ನು ಅಡ್ಡ ಪದರಗಳಾಗಿ ನೋಡಬಹುದಾಯಿತು. ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದ ಕೆಳಗಿನ ಗ್ರಂಥಿ, ಮಹಾಪಧಮನಿಯ ಪಕ್ಕದ ಗ್ರಂಥಿ ಎಲ್ಲ ಬೇರೆಬೇರೆಯಾಗಿ ಕಂಡವು. ಕಂಡ ಮೇಲೆ ಹೆಸರು ಬೇಕಲ್ವಾ? 1978ರಲ್ಲಿ ಜಪಾನಿನ ಸರ್ಜನ್ ತ್ಸುಗುವೊ ನಾರುಕೆ ಈ ಗ್ರಂಥಿಗಳಿಗೆ ನಂಬರು ಕೊಟ್ಟು ನಕ್ಷೆ ಪ್ರಕಟಿಸಿದರು. ಅದು ತಿದ್ದುಪಡಿಯಾಗುತ್ತಾ ಬಂದು, 2009ರಲ್ಲಿ ಜಗತ್ತಿನಾದ್ಯಂತ ಬಳಸಲು ಒಂದೇ ನಕ್ಷೆ ಸಿದ್ಧವಾಯಿತು. ರಿಪೋರ್ಟಿನಲ್ಲಿ 4ಆರ್, 7 ಎಂದೆಲ್ಲ ಬರೆದಿರುವುದು ಆ ನಂಬರುಗಳನ್ನೇ.

ಇನ್ನು ಅಳತೆ. ಆರೋಗ್ಯವಾದ ಗ್ರಂಥಿ ಅವರೆಕಾಳಿನ ಆಕಾರದಲ್ಲಿರುತ್ತದೆ. ಅದರ ಉದ್ದ ಅಳೆದರೆ ಸ್ಕ್ಯಾನಿನ ಪದರ ಯಾವ ಕೋನದಲ್ಲಿ ಹಾದುಹೋಯಿತು ಎನ್ನುವುದರ ಮೇಲೆ ಸಂಖ್ಯೆ ಬದಲಾಗುತ್ತದೆ. ಅಗಲ ಅಷ್ಟೊಂದು ಬದಲಾಗುವುದಿಲ್ಲ. ಅದಕ್ಕೇ ಗಿಡ್ಡ ಅಳತೆಯನ್ನು ಹಿಡಿದರು. 1980ರ ದಶಕದ ಮಧ್ಯದಲ್ಲಿ, ಎದೆಯ ಕಾಯಿಲೆ ಇಲ್ಲದವರ ಸ್ಕ್ಯಾನುಗಳಲ್ಲಿ ಗ್ರಂಥಿ ಎಷ್ಟು ದಪ್ಪವಿರುತ್ತದೆ ಎಂದು ಅಳೆದು ನೋಡಿದರು. ಹೆಚ್ಚಿನವು 10 ಮಿಲಿಮೀಟರ್ ಒಳಗೇ ಇದ್ದವು. ಹೀಗೆ ಒಂದು ಸೆಂಟಿಮೀಟರ್ ಗೆರೆ ಗಟ್ಟಿಯಾಯಿತು. ಅದರ ಮುಖ್ಯ ಬಳಕೆ ಶ್ವಾಸಕೋಶದ ಕ್ಯಾನ್ಸರ್ ಎಲ್ಲಿಗೆ ಹರಡಿದೆ, ಆಪರೇಷನ್ ಮಾಡಬಹುದೇ ಎಂದು ನಿರ್ಧರಿಸುವುದಕ್ಕೆ. ಈಗ ಅದೇ ಗೆರೆಯನ್ನು ಎಲ್ಲರ ಎದೆಯ ಮೇಲೂ ಎಳೆಯುತ್ತೇವೆ. ಅಲ್ಲಿಂದಲೇ ಗೊಂದಲ ಶುರು.

ಕ್ಯಾನ್ಸರಿನಲ್ಲೂ ಆ ಗೆರೆ ಅಷ್ಟೇನೂ ಗಟ್ಟಿಯಲ್ಲ ಎಂಬುದು ಬೇಗ ಬಯಲಾಯಿತು. 1991ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ಮಾಡಿದ ಅಧ್ಯಯನದಲ್ಲಿ, ಗ್ರಂಥಿಗೆ ಕ್ಯಾನ್ಸರ್ ಹರಡಿದ್ದವರ ಪೈಕಿ ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ಸಿಟಿ ಅದನ್ನು ಹಿಡಿಯಿತು. ಎಂಆರ್‌ಐ ಕೂಡ ಅದಕ್ಕಿಂತ ಮೇಲಾಗಿರಲಿಲ್ಲ. ಮರುವರ್ಷ ಬಾಸ್ಟನ್ನಿನಿಂದ ಬಂದ ಲೆಕ್ಕ ಇನ್ನೂ ಮುಖ್ಯವಾದದ್ದು. ಶ್ವಾಸಕೋಶದ ಕ್ಯಾನ್ಸರ್ ಇದ್ದವರ ಗ್ರಂಥಿಗಳನ್ನು ತೆಗೆದು ಪರೀಕ್ಷಿಸಿದಾಗ, 2ರಿಂದ 4 ಸೆಂಟಿಮೀಟರ್ ಊದಿದ್ದ ಗ್ರಂಥಿಗಳಲ್ಲಿ ಶೇ. 37ರಷ್ಟರಲ್ಲಿ ಕ್ಯಾನ್ಸರ್ ಇರಲೇ ಇಲ್ಲ. ಅಷ್ಟು ದೊಡ್ಡ ಗ್ರಂಥಿ ನೋಡಿ 'ಹರಡಿಬಿಟ್ಟಿದೆ' ಅಂತ ಆಪರೇಷನ್ ಕೈಬಿಟ್ಟರೆ ಏನಾಗುತ್ತದೆ, ಯೋಚಿಸಿ. ವಾಸಿಯಾಗಬಹುದಾದ ರೋಗಿಗೆ ಆ ಅವಕಾಶವೇ ತಪ್ಪಿಹೋಗುತ್ತದೆ.

ಗಾತ್ರ ಸಾಲದು, ಒಳಗಿನ ಚಟುವಟಿಕೆ ನೋಡೋಣ ಎಂದು ಪೆಟ್ ಸ್ಕ್ಯಾನ್ ಬಂತು. ವಿಕಿರಣ ಸೂಸುವ ಫ್ಲೋರಿನ್ ಸೇರಿಸಿದ ಸಕ್ಕರೆಯನ್ನು ಮನುಷ್ಯರಿಗೆ ಮೊದಲು ಕೊಟ್ಟದ್ದು 1976ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಸಕ್ಕರೆ ಜಾಸ್ತಿ ಹೀರುವ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. 2001ರ ಹೊತ್ತಿಗೆ ಪೆಟ್ ಮತ್ತು ಸಿಟಿ ಒಂದೇ ಯಂತ್ರದಲ್ಲಿ ಮಾರುಕಟ್ಟೆಗೆ ಬಂದವು. 2002ರಲ್ಲಿ ನೆದರ್ಲೆಂಡ್ಸ್‌ನ ಪ್ರಯೋಗವೊಂದು, ಪೆಟ್ ಸೇರಿಸಿಕೊಂಡರೆ ವ್ಯರ್ಥವಾಗಿ ಎದೆ ತೆರೆಯುವ ಆಪರೇಷನ್ನುಗಳು ಶೇ. 41ರಿಂದ 21ಕ್ಕೆ ಇಳಿಯುತ್ತವೆ ಎಂದು ತೋರಿಸಿತು. ದೊಡ್ಡ ಗೆಲುವೇ ಅದು.

ಆದರೆ ಸಕ್ಕರೆ ಹೀರುವುದು ಕ್ಯಾನ್ಸರ್ ಕೋಶ ಮಾತ್ರವಲ್ಲ. ಟಿಬಿಯ ವಿರುದ್ಧ ಹೋರಾಡುವ ಕೋಶಗಳೂ ಹೀರುತ್ತವೆ. ಸಾರ್ಕಾಯ್ಡೋಸಿಸ್ ಗ್ರಂಥಿಯೂ ಹೊಳೆಯುತ್ತದೆ. ದಶಕಗಳ ಕಾಲ ಸೌದೆ ಒಲೆಯ ಮುಂದೆ ಅಡುಗೆ ಮಾಡಿದ ಹೆಂಗಸರ ಎದೆಯಲ್ಲಿ ಮಸಿ ತುಂಬಿ ಕಪ್ಪಗಾದ ಗ್ರಂಥಿಗಳಿರುತ್ತವೆ. ಅವೂ ಹೊಳೆಯಬಹುದು. ಟಿಬಿ ಅಪರೂಪವಾದ ನೆದರ್ಲೆಂಡ್ಸ್‌ನ ಲೆಕ್ಕವನ್ನು ಹಾಗೇ ತಂದು ರಾಯಚೂರಿಗೋ ಚಿತ್ರದುರ್ಗಕ್ಕೋ ಹಚ್ಚುವಂತಿಲ್ಲ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ.

ಹಾಗಂತ ಚಿತ್ರ ಸುಳಿವೇ ಕೊಡುವುದಿಲ್ಲ ಅಂತಲ್ಲ. ಔಷಧ ಚುಚ್ಚಿ ಸಿಟಿ ಮಾಡಿದಾಗ ಗ್ರಂಥಿಯ ನಡುವೆ ಕಪ್ಪಗೆ, ಸುತ್ತ ಬಿಳಿ ಅಂಚು ಕಂಡರೆ ಟಿಬಿಯ ಅನುಮಾನ ಬಲವಾಗುತ್ತದೆ. ನಡುಭಾಗ ಕೊಳೆತು ಅಲ್ಲಿ ರಕ್ತ ಹರಿಯದಿರುವುದೇ ಇದಕ್ಕೆ ಕಾರಣ. ಎರಡೂ ಬದಿ ಸರಿಸಮ ಊದಿದ್ದರೆ ಸಾರ್ಕಾಯ್ಡೋಸಿಸ್ ನೆನಪಾಗುತ್ತದೆ. ಗ್ರಂಥಿಯ ಸುತ್ತ ತೆಳ್ಳಗೆ ಸುಣ್ಣದ ಪದರ ಕಟ್ಟಿದ್ದರೆ ಕಲ್ಲುದೂಳಿನ ಸಿಲಿಕೋಸಿಸ್ ಇರಬಹುದು. ಕೋಲಾರದ ಚಿನ್ನದ ಗಣಿ ಕಾರ್ಮಿಕರನ್ನು ಕಾಡಿದ್ದು ಇದೇ ಕಾಯಿಲೆ.

ಸುಳಿವನ್ನು ಖಾತ್ರಿ ಮಾಡಲು ಕೊನೆಗೆ ಸೂಜಿಯೇ ಬೇಕು. ಅದನ್ನು ಸುಲಭ ಮಾಡಿದ್ದು ಇಬಸ್. ತುದಿಯಲ್ಲಿ ಪುಟ್ಟ ಅಲ್ಟ್ರಾಸೌಂಡ್ ಇರುವ ಬ್ರಾಂಕೋಸ್ಕೋಪನ್ನು, ಅಂದರೆ ಶ್ವಾಸನಾಳದ ಒಳಗೆ ನೋಡುವ ಬಳುಕುವ ಕೊಳವೆಯನ್ನು, ಬಾಯಿಂದ ಶ್ವಾಸನಾಳಕ್ಕೆ ಇಳಿಸುತ್ತಾರೆ. ನಾಳದ ಗೋಡೆಯ ಆಚೆಗಿರುವ ಗ್ರಂಥಿ ಪರದೆಯ ಮೇಲೆ ಕಾಣುತ್ತದೆ. ಪಕ್ಕದ ರಕ್ತನಾಳ ಬಣ್ಣದಲ್ಲಿ ಮಿನುಗುತ್ತದೆ. ಅದನ್ನು ತಪ್ಪಿಸಿ, ಗೋಡೆಯ ಮೂಲಕ ಸೂಜಿ ಚುಚ್ಚಿ, ನೋಡುತ್ತಲೇ ಮಾದರಿ ತೆಗೆಯುತ್ತಾರೆ. 2000ದ ದಶಕದ ಆರಂಭದಲ್ಲಿ ಜಪಾನಿನ ಚೀಬಾದ ವೈದ್ಯರು ಇದನ್ನು ಬೆಳೆಸಿದರು. 2010ರಲ್ಲಿ ಯುರೋಪಿನ ಪ್ರಯೋಗವೊಂದರಲ್ಲಿ, ಶ್ವಾಸನಾಳ ಮತ್ತು ಅನ್ನನಾಳ ಎರಡೂ ಕಡೆಯಿಂದ ಹೀಗೆ ಮಾದರಿ ತೆಗೆದು, ಏನೂ ಸಿಗದಿದ್ದಾಗ ಮಾತ್ರ ಆಪರೇಷನ್ ಮಾಡಿ ನೋಡಿದರು. ಹರಡಿದ್ದ ಕ್ಯಾನ್ಸರಿನಲ್ಲಿ ಶೇ. 94 ಸಿಕ್ಕಿಬಿತ್ತು. ನೇರ ಆಪರೇಷನ್ನಿನಲ್ಲಿ ಸಿಕ್ಕಿದ್ದು ಶೇ. 79.

ಅದೇ 2010ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಸೂಜಿಯ ಮಾದರಿಯಲ್ಲಿ ಟಿಬಿ ಇದೆಯೇ, ರಿಫಾಂಪಿಸಿನ್ ಔಷಧಕ್ಕೆ ಬಗ್ಗುತ್ತದೆಯೇ ಎಂದು ಎರಡು ಗಂಟೆಯಲ್ಲಿ ಹೇಳಬಲ್ಲ ಪರೀಕ್ಷೆ ಇದು. ಇಷ್ಟೆಲ್ಲ ಕೈಗೆ ಸಿಗುವಾಗ ಬರೀ ಸ್ಕ್ಯಾನ್ ನೋಡಿ ಆರು ತಿಂಗಳ ಟಿಬಿ ಮಾತ್ರೆ ಶುರು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಲಿಂಫೋಮಾ, ಅಂದರೆ ದುಗ್ಧಗ್ರಂಥಿಯಲ್ಲೇ ಹುಟ್ಟುವ ಕ್ಯಾನ್ಸರ್, ಆಗಿದ್ದರೆ ಆ ತಿಂಗಳುಗಳು ಸುಮ್ನೆ ಕಳೆದುಹೋಗುತ್ತವೆ. ಸೂಜಿ ತಲುಪದ ಊರುಗಳಲ್ಲಿ ವೈದ್ಯರಿಗೆ ಬೇರೆ ದಾರಿ ಇಲ್ಲದಿರಬಹುದು. ದೊಡ್ಡ ಆಸ್ಪತ್ರೆಗೆ ಕಳಿಸಲು ಆಗುವಲ್ಲಿ ಕಳಿಸಲೇಬೇಕು.

ಎಲ್ಲರಿಗೂ ಸೂಜಿ ಬೇಕು ಅಂತಲೂ ಅಲ್ಲ. ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿನಲ್ಲಿ ಆಕಸ್ಮಿಕವಾಗಿ ಗ್ರಂಥಿ ಕಂಡಾಗ ಏನು ಮಾಡಬೇಕೆಂದು 2018ರಲ್ಲಿ ಅಮೆರಿಕದ ರೇಡಿಯಾಲಜಿ ಕಾಲೇಜಿನ ತಜ್ಞರು ಸಲಹೆ ಕೊಟ್ಟರು. ಗಿಡ್ಡ ಅಳತೆ 15 ಮಿಲಿಮೀಟರಿಗಿಂತ ಕಡಿಮೆಯಿದ್ದು, ಬೇರೇನೂ ತೊಂದರೆ ಕಾಣದಿದ್ದರೆ ಮುಂದಿನ ಪರೀಕ್ಷೆ ಬೇಡ ಎಂದರು. ಹಳೆಯ ಒಂದು ಸೆಂಟಿಮೀಟರ್ ಗೆರೆ ಇಲ್ಲಿ ಸಡಿಲವಾಯಿತು. ಕೆಮ್ಮು, ಜ್ವರ, ತೂಕ ಇಳಿಯುವುದು ಇದ್ದವರಿಗೆ ಈ ರಿಯಾಯಿತಿ ಇಲ್ಲ.

ಸೂಜಿಯೂ ಕೆಲವೊಮ್ಮೆ ಪೂರ್ತಿ ಉತ್ತರ ಕೊಡುವುದಿಲ್ಲ. ಟಿಬಿಯಲ್ಲೂ ಸಾರ್ಕಾಯ್ಡೋಸಿಸ್‌ನಲ್ಲೂ ಗ್ರಂಥಿಯೊಳಗೆ ಗ್ರಾನ್ಯುಲೋಮಾ ಎಂಬ ಕೋಶಗಳ ಗುಂಪು ಸಿಗುತ್ತದೆ. ರೋಗಾಣು ಸಿಕ್ಕದಿದ್ದರೆ ವೈದ್ಯರು ಮತ್ತೆ ಸ್ಕ್ಯಾನಿಗೇ ಮರಳುತ್ತಾರೆ. ನಡುಭಾಗ ಕಪ್ಪಗಿದೆಯೇ, ಎರಡೂ ಬದಿ ಸಮವೇ ಎಂದು ಮತ್ತೊಮ್ಮೆ ನೋಡುತ್ತಾರೆ. ತಪ್ಪಿದರೆ ಕಷ್ಟ. ಸಾರ್ಕಾಯ್ಡೋಸಿಸ್‌ಗೆ ಕೊಡುವ ಸ್ಟೀರಾಯ್ಡ್, ಅಡಗಿರುವ ಟಿಬಿಯನ್ನು ಕೆರಳಿಸಬಹುದು. ಟಿಬಿ ಎಂದೇ ಖಚಿತವಾಗಿ ಔಷಧ ಶುರುವಾದ ಮೇಲೂ, ಕೆಲವರಲ್ಲಿ ಮೊದಲ ತಿಂಗಳುಗಳಲ್ಲಿ ಗ್ರಂಥಿ ಇನ್ನೂ ದೊಡ್ಡದಾಗುತ್ತದೆ. ಸತ್ತ ರೋಗಾಣುಗಳ ವಿರುದ್ಧ ದೇಹ ಜೋರಾಗಿ ಪ್ರತಿಕ್ರಿಯಿಸುವುದರಿಂದ ಹೀಗಾಗುವುದುಂಟು. ಆಗ ತೆಗೆದ ಸ್ಕ್ಯಾನಿನಲ್ಲಿ ಸಂಖ್ಯೆ ಏರಿದ ಮಾತ್ರಕ್ಕೆ ಔಷಧ ಸೋತಿತು ಎಂದಲ್ಲ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.