ಹರಾಜಿನ ಬೆಲೆ ಕಟ್ಟುವವನು ಸೋತ ವ್ಯಾಪಾರಿ

ಮೆಣಸನ್ನೋ ಕಾಫಿಯನ್ನೋ ಆನ್‌ಲೈನ್ ಹರಾಜಿಗೆ ಹಾಕಿದರೆ ರೇಟು ತಾನಾಗಿ ಏರುತ್ತದೆ ಎಂಬ ನಂಬಿಕೆ ಸಕಲೇಶಪುರದಿಂದ ಮೂಡಿಗೆರೆವರೆಗೆ ಬಲವಾಗಿ ಹಬ್ಬಿದೆ. ದಲ್ಲಾಳಿಯ ಕಾಟ ತಪ್ಪಿತು, ದೇಶದ ಯಾವ ಮೂಲೆಯ ವ್ಯಾಪಾರಿ ಬೇಕಾದರೂ ಮೊಬೈಲಿನಲ್ಲೇ ಕೂಗಬಹುದು, ಮತ್ತೇನು ಬೇಕು ಎಂಬುದು ವಾದ. ಆದರೆ ಮೊಬೈಲಿನ ಪರದೆಗೆ ಬೆಲೆ ಏರಿಸುವ ಶಕ್ತಿಯಿಲ್ಲ. ಹರಾಜಿನ ಕೂಗು ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದಕ್ಕೆ ಖಚಿತವಾದ ಗಣಿತವಿದೆ. ಅದು ಇಷ್ಟು ಸುಂದರವಾಗಿದೆ, ಇಷ್ಟು ಉಪಯೋಗಕ್ಕೂ ಬರುತ್ತದೆ. ಆದರೂ ಬೆಳೆಗಾರರ ಸಭೆಗಳಲ್ಲಿ ಅದರ ಮಾತೇ ಬರುವುದಿಲ್ಲ.

ಹತ್ತು ಕ್ವಿಂಟಲ್ ಮೆಣಸಿನ ಒಂದು ಲಾಟ್ ಇದೆ ಎಂದುಕೊಳ್ಳಿ. ಚಿಕ್ಕಮಗಳೂರಿನ ವ್ಯಾಪಾರಿಗೆ ಅದು ಕಿಲೋಗೆ 690 ರೂಪಾಯಿವರೆಗೆ ಗಿಟ್ಟುತ್ತದೆ, ಮಂಗಳೂರಿನವರಿಗೆ 655, ಹಾಸನದವರಿಗೆ 612. (ಈ ಲೇಖನದ ದರಗಳೆಲ್ಲ ಲೆಕ್ಕಕ್ಕೆ ಹಿಡಿದವು.) ಸವಾಲು 600ರಿಂದ ಶುರುವಾಗುತ್ತದೆ. 612 ದಾಟಿದ ಕೂಡಲೇ ಹಾಸನದವರು ಸುಮ್ಮನಾಗುತ್ತಾರೆ. 655 ದಾಟಿದಾಗ ಮಂಗಳೂರಿನವರೂ ಕೈಬಿಡುತ್ತಾರೆ. 656ಕ್ಕೆ ಹರಾಜು ಮುಗಿಯಿತು. ಗೆದ್ದವರು 690 ಕೊಡಲು ತಯಾರಿದ್ದರು, ಆದರೆ ಅದನ್ನು ಬಾಯಿಬಿಟ್ಟು ಹೇಳಬೇಕಾದ ಪ್ರಸಂಗವೇ ಬರಲಿಲ್ಲ. ಅವರಿಗೆ 900 ಗಿಟ್ಟುವಂತಿದ್ದರೂ ಕೊಡುತ್ತಿದ್ದುದು ಅದೇ 656. ಮಂಗಳೂರಿನವರು ಅವತ್ತು ಬರದೇ ಹೋಗಿದ್ದರೆ ಹರಾಜು 613ಕ್ಕೇ ನಿಲ್ಲುತ್ತಿತ್ತು, ಲಾಟಿನ ಮೇಲೆ 43,000 ರೂಪಾಯಿ ಖೋತಾ ಆಗುತ್ತಿತ್ತು. ಬೆಲೆಯನ್ನು ನಿಲ್ಲಿಸಿದವರು ಎರಡನೆಯವರು, ಅಂದರೆ ಸೋತವರು.

ಇದನ್ನೇ ಸರಾಸರಿಗೆ ತಂದರೆ ಒಂದು ಪುಟ್ಟ ಸೂತ್ರ ಸಿಗುತ್ತದೆ. ಪ್ರತಿ ವ್ಯಾಪಾರಿಗೆ ಗಿಟ್ಟುವ ದರ 600 ಮತ್ತು 700ರ ನಡುವೆ ಎಲ್ಲಿ ಬೇಕಾದರೂ ಸಮ ಸಾಧ್ಯತೆಯಿಂದ ಬೀಳಲಿ, ಒಬ್ಬರ ದರ ಇನ್ನೊಬ್ಬರದಕ್ಕೆ ಅಂಟಿಕೊಂಡಿರದಿರಲಿ. ಕೂಗುವವರು n ಮಂದಿ ಇದ್ದರೆ, ಎರಡನೆಯ ಸ್ಥಾನದ ದರ ಸರಾಸರಿಯಲ್ಲಿ ಆ ನೂರು ರೂಪಾಯಿಯ ಅಂತರದ (n–1)/(n+1) ಭಾಗದಲ್ಲಿ ಬಂದು ಕೂರುತ್ತದೆ. ಇಬ್ಬರಿದ್ದರೆ 633 ರೂಪಾಯಿ. ಮೂವರಿದ್ದರೆ 650, ನಾಲ್ವರಿದ್ದರೆ 660, ಐವರಿದ್ದರೆ 667. ಒಂಬತ್ತು ಜನಕ್ಕೆ 680, ಹತ್ತೊಂಬತ್ತು ಜನಕ್ಕೆ 690. ಮೂರನೆಯ ವ್ಯಾಪಾರಿ ಬಂದಾಗ ಬೆಲೆ ಹದಿನೇಳು ರೂಪಾಯಿ ಜಿಗಿಯಿತು. ಒಂಬತ್ತರ ಮೇಲೆ ಇನ್ನೂ ಹತ್ತು ಜನ ಸೇರಿದರೂ ಏರಿದ್ದು ಹತ್ತೇ ರೂಪಾಯಿ. ಜಾಲತಾಣದಲ್ಲಿ ಸಾವಿರ ವ್ಯಾಪಾರಿಗಳು ನೋಂದಾಯಿಸಿದ್ದಾರೆ ಎಂಬ ಪ್ರಚಾರಕ್ಕೆ ಮರುಳಾಗಬೇಕಿಲ್ಲ. ನಿಮ್ಮ ಲಾಟಿಗೆ ನಿಜವಾಗಿ ದರ ಹಾಕುವವರು ಇಬ್ಬರೋ ಐವರೋ ಎಂದು ಕೇಳಿ.

ಅರಸೀಕೆರೆಯ ಕೊಬ್ಬರಿ ಮಾರುಕಟ್ಟೆಯಲ್ಲಿ ನಡೆಯುವ ಟೆಂಡರ್ ಬೇರೆ ಬಗೆಯದು. ರೈತರ ಮಾಲಿಗೆ ಲಾಟ್ ಸಂಖ್ಯೆ ಬೀಳುತ್ತದೆ, ವರ್ತಕರು ಕೊಬ್ಬರಿ ನೋಡಿ ಗೊತ್ತಾದ ಸಮಯದೊಳಗೆ ಕಂಪ್ಯೂಟರಿನಲ್ಲಿ ದರ ನಮೂದಿಸುತ್ತಾರೆ. ಯಾರು ಎಷ್ಟು ಹಾಕಿದರೆಂದು ಇನ್ನೊಬ್ಬರಿಗೆ ಕಾಣುವುದಿಲ್ಲ. ಹೆಚ್ಚು ಹಾಕಿದವರಿಗೆ ಮಾಲು, ಅವರು ಹಾಕಿದ ದರವೇ ಬೆಲೆ. ಒಪ್ಪದಿದ್ದರೆ ರೈತರು ಬೇಡ ಎನ್ನಬಹುದು. ಇಲ್ಲಿ ಗೆದ್ದವರು ತಮ್ಮ ಪೂರ್ತಿ ದರ ಕೊಡುತ್ತಾರಲ್ಲ, ಕೂಗಿನ ಹರಾಜಿಗಿಂತ ಇದೇ ಲಾಭ ಎನಿಸುವುದು ಸಹಜ. ಆದರೆ ವರ್ತಕರು ದಡ್ಡರಲ್ಲ. 690 ಗಿಟ್ಟುವವರು 690 ಬರೆದರೆ ಗೆದ್ದೂ ಅವರಿಗೆ ಬಿಡಿಗಾಸು ಉಳಿಯುವುದಿಲ್ಲ, ಹಾಗಾಗಿ ತಗ್ಗಿಸಿ ಬರೆಯುತ್ತಾರೆ. ಎಷ್ಟು ತಗ್ಗಿಸುವುದು ಲಾಭ ಎಂಬುದಕ್ಕೂ ಲೆಕ್ಕವಿದೆ. ಒಟ್ಟು ಮೂವರಿದ್ದರೆ 600ರ ಮೇಲಿನ ಮೊತ್ತದ ಮೂರನೇ ಎರಡು ಭಾಗ ಬರೆಯಬೇಕು: 690 ಗಿಟ್ಟುವವರು 660. ಐವರಿದ್ದರೆ ಐದನೇ ನಾಲ್ಕು ಭಾಗ, 672. ಈಗ ಸರಾಸರಿ ನೋಡಿ. ಮೂವರಲ್ಲಿ ಅತಿ ಹೆಚ್ಚು ಗಿಟ್ಟುವವರ ದರ ಸರಾಸರಿ 675. ಮೇಲಿನ 75ರ ಮೂರನೇ ಎರಡು ಭಾಗ 50. ಬೆಲೆ 650! ಕೂಗಿನ ಹರಾಜಿನಲ್ಲಿ ಮೂವರಿಗೆ ಬಂದ ಸಂಖ್ಯೆಯೇ. ಹರಾಜಿನ ವಿಧಾನ ಬದಲಾದರೂ ಸರಾಸರಿ ಬೆಲೆ ಬದಲಾಗಲಿಲ್ಲ.

ಇದನ್ನು ಮೊದಲು ತೋರಿಸಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ವಿಕ್ರಿ, 1961ರಲ್ಲಿ. ಅದೇ ಪ್ರಬಂಧದಲ್ಲಿ ಅವರು ಮೂರನೆಯ ದಾರಿಯೊಂದನ್ನೂ ಸೂಚಿಸಿದರು: ದರ ಗುಟ್ಟಾಗಿ ಬರೆಯಲಿ, ಹೆಚ್ಚು ಬರೆದವರು ಗೆಲ್ಲಲಿ, ಆದರೆ ಎರಡನೆಯವರು ಬರೆದ ದರ ಮಾತ್ರ ಕೊಡಲಿ. ಆಗ ತಗ್ಗಿಸಿ ಬರೆದರೆ ಸೋಲುವ ಅಪಾಯವಿದೆಯೇ ಹೊರತು ಉಳಿತಾಯವಿಲ್ಲ. ನಿಜ ಬರೆಯುವುದೇ ಜಾಣತನ. ವಿಕ್ರಿಗೆ 1996ರ ಅಕ್ಟೋಬರಿನಲ್ಲಿ ಅರ್ಥಶಾಸ್ತ್ರದ ನೊಬೆಲ್ ಘೋಷಣೆಯಾಯಿತು, ಮೂರೇ ದಿನಕ್ಕೆ ತೀರಿಕೊಂಡರು. ಗಮನಿಸಬೇಕಾದ್ದೆಂದರೆ, ಅಮೆರಿಕದ ಅಂಚೆಚೀಟಿ ವ್ಯಾಪಾರಿಗಳು 19ನೇ ಶತಮಾನದ ಕೊನೆಯ ವೇಳೆಗಾಗಲೇ ದೂರದೂರಿನ ಗಿರಾಕಿಗಳಿಂದ ಪತ್ರದಲ್ಲಿ ದರ ತರಿಸಿಕೊಂಡು ಇದೇ ಪದ್ಧತಿ ನಡೆಸುತ್ತಿದ್ದರು. ಆನ್‌ಲೈನ್ ಹರಾಜು ತಾಣ ಈಬೇಯಲ್ಲಿ ನಿಮ್ಮ ಗರಿಷ್ಠ ದರ ಹೇಳಿಟ್ಟರೆ ಯಂತ್ರವೇ ಎದುರಾಳಿಗಿಂತ ಒಂದು ಮೆಟ್ಟಿಲು ಮೇಲೆ ಕೂಗುತ್ತ ಹೋಗುವುದೂ ಇದೇ ತತ್ವದ ಮೇಲೆ.

ಇಷ್ಟು ತಿಳಿದ ಮೇಲೂ ಮಾರುವವರು ಹಿಡಿಯುವ ಹಗ್ಗ ಒಂದೇ: ಕನಿಷ್ಠ ದರ ಏರಿಸಿಡುವುದು. ಅದರಿಂದ ಪ್ರಯೋಜನವಿದೆ, ಆದರೆ ಅಂದುಕೊಂಡಷ್ಟಿಲ್ಲ. ಹರಾಜಾಗದಿದ್ದರೆ ಊರಿನ ಅಂಗಡಿಯಲ್ಲಿ 600ಕ್ಕೆ ಕೊಡಬಹುದು, ಕೂಗುವವರು ಇಬ್ಬರೇ ಎಂದಿಟ್ಟುಕೊಳ್ಳಿ. 650ರ ಕನಿಷ್ಠ ದರ ಇಟ್ಟರೆ ನಾಲ್ಕರಲ್ಲಿ ಒಂದು ಸಲ ಯಾರೂ ಕೂಗುವುದಿಲ್ಲ, ಮಾಲು ವಾಪಸ್ ಊರಿಗೆ. ಉಳಿದ ಸಲ 650 ಅಥವಾ ಅದಕ್ಕಿಂತ ಹೆಚ್ಚು ಸಿಗುತ್ತದೆ. ಎಲ್ಲ ಸೇರಿಸಿ ಸರಾಸರಿ 642. ಕನಿಷ್ಠ ದರ ಇಡದಿದ್ದರೆ 633 ಇತ್ತು. ಎಂಟೊಂಬತ್ತು ರೂಪಾಯಿ ಗಳಿಕೆ. ಅದರ ಬದಲು ಇನ್ನೊಬ್ಬ ವ್ಯಾಪಾರಿಯನ್ನು ಕರೆತಂದಿದ್ದರೆ ಯಾವ ಷರತ್ತೂ ಇಲ್ಲದೆ 650. ಅರ್ಥಶಾಸ್ತ್ರಜ್ಞರಾದ ಜೆರೆಮಿ ಬುಲೋ ಮತ್ತು ಪಾಲ್ ಕ್ಲೆಂಪರರ್ 1996ರಲ್ಲಿ ಸಾಕಷ್ಟು ವಿಶಾಲವಾದ ಸಂದರ್ಭಗಳಿಗೆ ಇದನ್ನು ಸಾಧಿಸಿ ತೋರಿಸಿದರು: ಹರಾಜನ್ನು ಎಷ್ಟೇ ಜಾಣತನದಿಂದ ಹೆಣೆದರೂ ಒಬ್ಬ ಹೆಚ್ಚುವರಿ ನಿಜ ಸ್ಪರ್ಧಿಯ ಮುಂದೆ ಅದು ಸಪ್ಪೆ.

ನಿಜ ಸ್ಪರ್ಧಿ ಎಂಬ ಮಾತಿಗೆ ಒತ್ತು ಬೇಕು. ಐವರು ವರ್ತಕರು ಮುಂಚೆಯೇ ಮಾತಾಡಿಕೊಂಡು ಬಂದರೆ ಅವರು ಲೆಕ್ಕಕ್ಕೆ ಒಬ್ಬರೇ. ಈ ಒಳಒಪ್ಪಂದವನ್ನು ಆನ್‌ಲೈನ್ ವ್ಯವಸ್ಥೆ ತಾನಾಗಿ ಮುರಿಯುವುದಿಲ್ಲ. ವಾಟ್ಸಾಪ್ ಬಂದ ಮೇಲೆ ಮಾತಾಡಿಕೊಳ್ಳುವುದು ಇನ್ನೂ ಸಲೀಸು. ಇಲ್ಲಿ ಮಾತ್ರ ಕೂಗಿಗೂ ಗುಪ್ತ ಟೆಂಡರಿಗೂ ದೊಡ್ಡ ವ್ಯತ್ಯಾಸವಿದೆ. ಕೂಗಿನ ಹರಾಜಿನಲ್ಲಿ ಒಬ್ಬರು ಮಾತಿಗೆ ತಪ್ಪಿ ಏರಿಸಿದರೆ ಉಳಿದವರಿಗೆ ಅಲ್ಲೇ ಗೊತ್ತಾಗುತ್ತದೆ, ಅವರೂ ಏರಿಸಿ ಬುದ್ಧಿ ಕಲಿಸುತ್ತಾರೆ. ಗುಪ್ತ ಟೆಂಡರಿನಲ್ಲಿ ಒಂದು ರೂಪಾಯಿ ಜಾಸ್ತಿ ಹಾಕಿ ಮಾಲು ಹೊಡೆದುಕೊಂಡರೆ ಆ ಲಾಟಿನ ಮಟ್ಟಿಗೆ ಯಾರೂ ಏನೂ ಮಾಡುವಂತಿಲ್ಲ. ಆ ಆಸೆಯೇ ಒಪ್ಪಂದವನ್ನು ಸಡಿಲಿಸುತ್ತದೆ. ಸಣ್ಣ ಊರಿನಲ್ಲಿ, ಎಲ್ಲ ವರ್ತಕರೂ ಒಬ್ಬರಿಗೊಬ್ಬರು ಗೊತ್ತಿರುವ ಕಡೆ, ಅರಸೀಕೆರೆಯ ಬಗೆಯ ಟೆಂಡರೇ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕರ್ನಾಟಕದ ಎಪಿಎಂಸಿಗಳನ್ನು ಒಂದೇ ಏಕೀಕೃತ ಆನ್‌ಲೈನ್ ವೇದಿಕೆಗೆ ಜೋಡಿಸಿದ ಪರಿಣಾಮದ ಬಗ್ಗೆ 2020ರಲ್ಲಿ ಪ್ರಕಟವಾದ ಅಧ್ಯಯನ ಭತ್ತಕ್ಕೆ ಶೇ 5.1, ಶೇಂಗಾಕ್ಕೆ ಶೇ 3.6, ಮೆಕ್ಕೆಜೋಳಕ್ಕೆ ಶೇ 3.5ರಷ್ಟು ಬೆಲೆ ಏರಿಕೆ ಕಂಡಿತು. ಎಲ್ಲ ಬೆಳೆಗೂ ಆ ಭಾಗ್ಯ ಬರಲಿಲ್ಲ. ಹೊರಗಿನ ವ್ಯಾಪಾರಿ ದರ ಹಾಕಿದರೆ ತಾನೇ ಜೋಡಣೆಗೆ ಅರ್ಥ?

ಗಡುವಿನ ವಿಷಯಕ್ಕೂ ಗಮನ ಕೊಡಬೇಕು. ಈಬೇ ಹರಾಜು ನಿಗದಿತ ಕ್ಷಣಕ್ಕೆ ಕಟ್ಟಾಗುತ್ತದೆ, ಹಾಗಾಗಿ ಕೊನೆಯ ಸೆಕೆಂಡುಗಳಿಗೆ ಕಾದು ಕೂಗುವವರು ಹುಟ್ಟಿಕೊಂಡರು. ಅಮೆಜಾನ್ 1999ರಲ್ಲಿ ಹರಾಜು ಶುರುಮಾಡಿದಾಗ, ಕೊನೆಯ ಕೂಗಿನ ನಂತರ ಹತ್ತು ನಿಮಿಷ ಮೌನವಿದ್ದರೆ ಮಾತ್ರ ಮುಕ್ತಾಯ ಎಂಬ ನಿಯಮವಿತ್ತು. ಅರ್ಥಶಾಸ್ತ್ರಜ್ಞರಾದ ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಹೋಲಿಸಿ ನೋಡಿದಾಗ ಅಲ್ಲಿ ಈ ಕಾದು ಕೂಗುವ ಚಾಳಿ ಬಹಳ ಕಡಿಮೆ ಇತ್ತು. ಮಳೆಗಾಲದಲ್ಲಿ ಘಾಟಿಯ ಆಸುಪಾಸು ಸಿಗ್ನಲ್ ಹೋಗುವುದು ಗೊತ್ತಿದ್ದೂ ಸಂಜೆ ನಾಲ್ಕಕ್ಕೆ ಗಡುವು ಕಡ್ಡಾಯ ಎಂದರೆ, ಹೋಗುವುದು ಎರಡನೆಯವರ ಕೊನೆಯ ಕೂಗು. ಅದೇ ತಾನೇ ನಿಮ್ಮ ಬೆಲೆ.

ಹಾಗಾದರೆ ಎಲ್ಲವನ್ನೂ ಹರಾಜಿಗೆ ಹಾಕಬೇಕೇ? ಬೇಡ. ಈಬೇ 1995ರಲ್ಲಿ ಹುಟ್ಟಿದ್ದು ಹರಾಜಿನ ತಾಣವಾಗಿ, ಮೊದಲು ಮಾರಿದ್ದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರಿಗೆ. 2004ರಲ್ಲಿ ನಮ್ಮ ಬಾಝೀ ಡಾಟ್ ಕಾಮ್ ಎಂಬ ಹರಾಜು ತಾಣವನ್ನು ಕೊಂಡು ಭಾರತಕ್ಕೆ ಬಂತು, 2018ರಲ್ಲಿ ಇಲ್ಲಿನ ಆ ತಾಣ ಮುಚ್ಚಿತು. ಅಷ್ಟರಲ್ಲಿ ಜಗತ್ತಿನೆಲ್ಲೆಡೆ ಆನ್‌ಲೈನ್ ವ್ಯಾಪಾರ ನಿಗದಿತ ಬೆಲೆಯತ್ತ ವಾಲಿತ್ತು. ಎಲ್ಲರಿಗೂ ಬೆಲೆ ಗೊತ್ತಿರುವ ವಸ್ತುವಿಗೆ ಹರಾಜು ಬರೀ ಕಾಲಹರಣ. ಚಿಕ್ಕಮಗಳೂರಿನ ಕಾಫಿಪುಡಿ ಪೊಟ್ಟಣಕ್ಕೆ ನಿಗದಿತ ಬೆಲೆಯೇ ಸರಿ, ಅಲ್ಲಿ ಪೆಟ್ಟು ಬೀಳುವುದು ಸಾಗಣೆಯಲ್ಲಿ. ಕೊರಿಯರಿನವರು ಸಾಮಾನ್ಯವಾಗಿ ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ, ಬಂದದ್ದು ನಿಜ ತೂಕಕ್ಕಿಂತ ಹೆಚ್ಚಿದ್ದರೆ ಅದನ್ನೇ ತೂಕವೆಂದು ಹಿಡಿಯುತ್ತಾರೆ. ಅರ್ಧ ಕಿಲೋ ಪುಡಿಯನ್ನು 30×20×15ರ ಡಬ್ಬದಲ್ಲಿಟ್ಟರೆ 1.8 ಕಿಲೋ ತೂಕಕ್ಕೆ ದುಡ್ಡು ತೆರಬೇಕು. 20×15×8ರದ್ದಕ್ಕೆ ಈ ಲೆಕ್ಕ ಅರ್ಧ ಕಿಲೋ ದಾಟುವುದಿಲ್ಲ.

ಹರಾಜು ಬೇಕಾಗುವುದು ಬೆಲೆ ಊಹೆಗೆ ಬಿಟ್ಟ ಮಾಲಿಗೆ. ಊಹೆ ಇರುವ ಕಡೆ ಇನ್ನೊಂದು ತೊಡಕು ಕಾದಿರುತ್ತದೆ. ಕ್ರಿ.ಶ. 193ರಲ್ಲಿ ರೋಮಿನ ಕಾವಲು ಸೈನಿಕರು ಚಕ್ರವರ್ತಿಯನ್ನು ಕೊಂದು ಸಿಂಹಾಸನವನ್ನೇ ಹರಾಜಿಗಿಟ್ಟರು. ತಲಾ ಸೈನಿಕನಿಗೆ 25,000 ಸೆಸ್ಟರ್ಸ್ (ರೋಮಿನ ನಾಣ್ಯ) ಕೂಗಿ ಡಿಡಿಯಸ್ ಜೂಲಿಯಾನಸ್ ಗೆದ್ದ. 66 ದಿನಗಳಲ್ಲಿ ಅವನ ತಲೆ ಹೋಯಿತು. ಗೆದ್ದವನೇ ಮೋಸಹೋಗುವ ಈ ವಿದ್ಯಮಾನಕ್ಕೆ ‘ವಿಜೇತನ ಶಾಪ’ ಎನ್ನುತ್ತಾರೆ. ಹೆಸರಿನಲ್ಲಿ ಶಾಪವಿದ್ದರೂ ಇದಕ್ಕೂ ಗ್ರಹಚಾರಕ್ಕೂ ಸಂಬಂಧವಿಲ್ಲ, ಇದು ಶುದ್ಧ ಸಂಖ್ಯಾಶಾಸ್ತ್ರ. 1971ರಲ್ಲಿ ಮೆಕ್ಸಿಕೊ ಕೊಲ್ಲಿಯ ತೈಲ ಗುತ್ತಿಗೆಗಳ ಬಗ್ಗೆ ಬರೆಯುತ್ತ ಮೂವರು ಪೆಟ್ರೋಲಿಯಂ ಎಂಜಿನಿಯರುಗಳು ಇದನ್ನು ಬಿಡಿಸಿಟ್ಟರು. ನಮ್ಮ ಕಾಫಿಯಲ್ಲೇ ನೋಡೋಣ. 50 ಕಿಲೋ ಒಣ ಚೆರ್ರಿ (ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣು) ಚೀಲದಿಂದ ನಿಜಕ್ಕೂ ಬರುವ ಬೀಜ, ಅಂದರೆ ಔಟ್‌ಟರ್ನ್, 25 ಕಿಲೋ. ಐವರು ವ್ಯಾಪಾರಿಗಳು ಅದನ್ನು 23, 24, 25, 26, 27 ಎಂದು ಅಂದಾಜಿಸುತ್ತಾರೆ. ಸರಾಸರಿ ಅಂದಾಜು ಕರಾರುವಾಕ್ಕು. ಆದರೆ ಗೆಲ್ಲುವವರು 27 ಎಂದವರು! ಗುಪ್ತ ಟೆಂಡರಿನಲ್ಲಿ ಅಂದಾಜನ್ನೇ ನಂಬಿ ಬರೆದರೆ ಬೀಜ ಕಿಲೋಗೆ 400ರಂತೆ ಚೀಲಕ್ಕೆ 800 ರೂಪಾಯಿ ಕೈಬಿಡುತ್ತದೆ. ಅನುಭವಸ್ಥರು ಇದನ್ನು ಬಲ್ಲರು, ಮಾಲಿನ ಬಗ್ಗೆ ಅನುಮಾನ ಹೆಚ್ಚಿದಷ್ಟೂ ದರ ಇಳಿಸುತ್ತಾರೆ. ಆ ಅನುಮಾನದ ಬಿಲ್ಲು ಕಟ್ಟುವವರು ಕೊನೆಗೆ ಬೆಳೆಗಾರರು.

ಪೌಲ್ ಮಿಲ್‌ಗ್ರಾಮ್ ಮತ್ತು ರಾಬರ್ಟ್ ವೆಬರ್ 1982ರಲ್ಲಿ ತೋರಿಸಿದ್ದು ಇದರ ಮದ್ದು: ಮಾಲಿನ ಬಗ್ಗೆ ಗೊತ್ತಿರುವುದನ್ನೆಲ್ಲ ಪ್ರಾಮಾಣಿಕವಾಗಿ ಮುಂಚೆಯೇ ಹೇಳುವ ಪದ್ಧತಿ ಇಟ್ಟುಕೊಂಡರೆ ಸರಾಸರಿ ಬೆಲೆ ಏರುತ್ತದೆ. ಹರಾಜಿನ ಸಿದ್ಧಾಂತಕ್ಕಾಗಿ ಮಿಲ್‌ಗ್ರಾಮ್‌ಗೆ 2020ರಲ್ಲಿ ನೊಬೆಲ್ ಬಂತು. ಕಾಫಿಯಾದರೆ ಒಂದು ಕಿಲೋ ಚೆರ್ರಿಯನ್ನು ಹಲ್ಲಿಂಗ್ ಮಾಡಿಸಿ, ಅಂದರೆ ಸಿಪ್ಪೆ ಬಿಡಿಸಿ, ಬೀಜ ತೂಗಿ, ಬಂದ ಔಟ್‌ಟರ್ನನ್ನು ಲಾಟಿನ ವಿವರದಲ್ಲೇ ಬರೆಯಬೇಕು. ಮೆಣಸಿಗೆ ಮೊದಲು ತೇವಾಂಶ. ಶೇ 14 ತೇವವಿರುವ 100 ಕಿಲೋದಲ್ಲಿ ಒಣ ಪದಾರ್ಥ 86 ಕಿಲೋ. ಅದನ್ನು ಶೇ 11ಕ್ಕೆ ಒಣಗಿಸಿದರೆ 86ನ್ನು 0.89ರಿಂದ ಭಾಗಿಸಿ 96.6 ಕಿಲೋ ಉಳಿಯುತ್ತದೆ. 3.4 ಕಿಲೋ ನಷ್ಟಕ್ಕೆ ವ್ಯಾಪಾರಿ ಹತ್ತು ಕಿಲೋದಷ್ಟು ಹೆದರುತ್ತಾರೆ, ಏಕೆಂದರೆ ಒದ್ದೆ ಮಾಲಿಗೆ ಬೂಷ್ಟು ಹಿಡಿಯುತ್ತದೆ. ಎರಡನೆಯದು ಲೀಟರ್ ತೂಕ: ಲೀಟರ್ ಅಳತೆಗೆ ಕುಲುಕದೆ, ಒತ್ತದೆ ತುಂಬಿ, ಮೇಲ್ಭಾಗ ಸವರಿ ತೂಗಬೇಕು. 550 ಗ್ರಾಂ ಬಂದರೆ ಗಟ್ಟಿ ಕಾಳು, 500ಕ್ಕಿಂತ ಇಳಿದಷ್ಟೂ ಜೊಳ್ಳು ಜಾಸ್ತಿ. ಪಪ್ಪಾಯಿ ಬೀಜದ ಬೆರಕೆ ಇಲ್ಲವೆಂದು ತೋರಿಸಲು ಒಂದು ಲೋಟ ನೀರು ಸಾಕು. ಒಳ್ಳೆಯ ಕಾಳು ಮುಳುಗುತ್ತದೆ, ಪಪ್ಪಾಯಿ ಬೀಜ ತೇಲುತ್ತದೆ. ಜೊಳ್ಳೂ ತೇಲುವುದರಿಂದ ತೇಲಿದ್ದನ್ನು ಎತ್ತಿ ಕಣ್ಣಿನಿಂದ ನೋಡಿ ಬೇರ್ಪಡಿಸಬೇಕು.

ಮಾದರಿಯನ್ನು ಮೇಲಿನ ಚೀಲದಿಂದ ಮಾತ್ರ ಬೊಗಸೆಯಲ್ಲಿ ತೆಗೆದರೆ ಇಷ್ಟೂ ಶ್ರಮ ನೀರುಪಾಲು. ಪ್ರತಿ ಚೀಲದ ಮೇಲೆ, ನಡು, ತಳ ಮೂರೂ ಕಡೆಯಿಂದ ಕೊಳವೆ ಚುಚ್ಚಿ ತೆಗೆಯಬೇಕು. ಎಲ್ಲವನ್ನೂ ಟಾರ್ಪಾಲಿನ ಮೇಲೆ ಗುಡ್ಡೆ ಹಾಕಿ, ಚಪ್ಪಟೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರು ಎರಡು ಪಾಲು ತೆಗೆದಿಟ್ಟು ಉಳಿದದ್ದನ್ನು ಮತ್ತೆ ಬೆರೆಸಬೇಕು. ಒಂದೂವರೆ ಕಿಲೋ ಉಳಿಯುವವರೆಗೆ ಹೀಗೇ. ಅದನ್ನು ಅರ್ಧ ಕಿಲೋದ ಮೂರು ಗಾಳಿಯಾಡದ ಪೊಟ್ಟಣ ಮಾಡಿ ಸೀಲು ಹಾಕಿ: ಒಂದು ಕೊಳ್ಳುವವರಿಗೆ, ಒಂದು ಮಾರುವವರಿಗೆ, ಮೂರನೆಯದು ಇಬ್ಬರೂ ಒಪ್ಪಿದವರ ಹತ್ತಿರ. ಮಾಲು ಕೊಚ್ಚಿಗೋ ಮುಂಬೈಗೋ ತಲುಪಿದ ಮೇಲೆ ತೇವ ಜಾಸ್ತಿ ಎಂಬ ತಕರಾರು ಬಂದರೆ ಮೂರನೆಯ ಪೊಟ್ಟಣ ಪ್ರಯೋಗಾಲಯಕ್ಕೆ ಹೋಗುತ್ತದೆ. ಆ ಸಂಖ್ಯೆಯೇ ಅಂತಿಮ, ಹೆಚ್ಚಿದ ಪ್ರತಿ ಶೇ 1 ತೇವಕ್ಕೆ ಎಷ್ಟು ತೂಕ ಕಡಿತ ಎಂಬುದನ್ನು ಹರಾಜಿಗೆ ಮೊದಲೇ ಲಾಟಿನ ಷರತ್ತಿನಲ್ಲಿ ಬರೆದಿರಬೇಕು. ಹಣ ಖಾತೆಗೆ ಬಿದ್ದ ಮೇಲೆ ಲಾರಿ ಬಿಡಿ. ಹಣ ಕಳಿಸುತ್ತೇವೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದು ಯಾರಾದರೂ ಹೇಳಿದರೆ ಅವರು ಕಳ್ಳರು, ಏಕೆಂದರೆ ಯುಪಿಐಯಲ್ಲಿ ಹಣ ಬರಲು ಪಿನ್ ಬೇಕಿಲ್ಲ. ಒತ್ತಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.