ಕಡಿಮೆ ಜಾಗದಲ್ಲಿ ವರ್ಟಿಕಲ್ ಆಂಟೆನಾ: ಎಸ್‌ಡಬ್ಲ್ಯುಆರ್ ಏರಿದರೂ ಸಿಗ್ನಲ್ ಏಕೆ ಸುಧಾರಿಸುತ್ತದೆ?

ಹ್ಯಾಮ್ ರೇಡಿಯೋ ಲೈಸೆನ್ಸ್ ಇದೆ, ಎಚ್‌ಎಫ್ (ಶಾರ್ಟ್‌ವೇವ್) ರೇಡಿಯೋ ಇದೆ, ಆದರೆ ಡೈಪೋಲ್ (ಎರಡು ತೋಳಿನ ಅಡ್ಡ ತಂತಿಯ ಆಂಟೆನಾ) ಎಳೆಯಲು ಜಾಗವಿಲ್ಲ. ನೆಟ್ಟಗೆ ನಿಲ್ಲಿಸುವ ವರ್ಟಿಕಲ್ ಆಂಟೆನಾ ಬಗ್ಗೆ ಇದು ಅಂಥವರಿಗಾಗಿ ಬರೆದ ಟಿಪ್ಪಣಿ. ಎಸ್‌ಡಬ್ಲ್ಯುಆರ್ ಅಂದರೇನು, ಕೋಯಾಕ್ಸ್ ಅಂದರೇನು ಅನ್ನುವುದು ಪರೀಕ್ಷೆಗೆ ಓದಿದವರಿಗೆಲ್ಲ ಗೊತ್ತೇ ಇರುತ್ತದೆ. ಉಳಿದವರಿಗೆ ಇಷ್ಟು ಸಾಕು: ಎಸ್‌ಡಬ್ಲ್ಯುಆರ್ ಅಂದರೆ ಕಳಿಸಿದ ಶಕ್ತಿಯಲ್ಲಿ ಆಂಟೆನಾದಿಂದ ಎಷ್ಟು ವಾಪಸ್ ಬರುತ್ತದೆ ಅನ್ನುವುದರ ಅಳತೆ (1:1 ಅಂದರೆ ಏನೂ ವಾಪಸ್ ಬರುವುದಿಲ್ಲ), ಕೋಯಾಕ್ಸ್ ಅಂದರೆ ರೇಡಿಯೋದಿಂದ ಆಂಟೆನಾಗೆ ಹೋಗುವ ಕೇಬಲ್. ನನ್ನ ತಲೆ ತಿಂದದ್ದು ಗ್ರೌಂಡ್ ಲಾಸ್, ಅಂದರೆ ಮಣ್ಣಿನಲ್ಲಿ ವ್ಯರ್ಥವಾಗುವ ಶಕ್ತಿ. ಆದ್ದರಿಂದ ಆ ಭಾಗವೇ ಇಲ್ಲಿ ಜಾಸ್ತಿ ಇದೆ.

ವರ್ಟಿಕಲ್ ಏಕೆ

ದೂರದ ಸಂಪರ್ಕಕ್ಕೆ ಸಿಗ್ನಲ್ ತಗ್ಗು ಕೋನದಲ್ಲಿ ಹೊರಡಬೇಕು. ಎಷ್ಟು ತಗ್ಗು? ಸಿಗ್ನಲ್ ಅನ್ನು ಭೂಮಿಗೆ ವಾಪಸ್ ಬಗ್ಗಿಸುವ ಅಯಾನುಗೋಳದ ಎಫ್2 ಪದರ ಸುಮಾರು 300 ಕಿ.ಮೀ. ಎತ್ತರದಲ್ಲಿದೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆ. 45 ಡಿಗ್ರಿಯಲ್ಲಿ ಹೊರಟ ಸಿಗ್ನಲ್ ಒಂದು ಜಿಗಿತಕ್ಕೆ 560 ಕಿ.ಮೀ. ಹೋಗುತ್ತದೆ. 25 ಡಿಗ್ರಿಗೆ ಸುಮಾರು 1,100. 10 ಡಿಗ್ರಿಗೆ ಸುಮಾರು 2,200. ಅಂದರೆ 10,000 ಕಿ.ಮೀ. ದಾಟಲು 25 ಡಿಗ್ರಿಯಲ್ಲಿ ಒಂಬತ್ತು ಜಿಗಿತ ಬೇಕು, 10 ಡಿಗ್ರಿಯಲ್ಲಿ ಐದು ಸಾಕು. ಪ್ರತಿ ಜಿಗಿತದಲ್ಲೂ ಒಂದಿಷ್ಟು ಶಕ್ತಿ ಸೋರಿಹೋಗುತ್ತದೆ.

ಡೈಪೋಲ್ ಇಷ್ಟು ತಗ್ಗಾಗಿ ಹೊರಸೂಸಬೇಕಾದರೆ ಕನಿಷ್ಠ ಅರ್ಧ ತರಂಗದಷ್ಟು ಎತ್ತರದಲ್ಲಿರಬೇಕು. 40 ಮೀಟರ್ ಬ್ಯಾಂಡಿಗೆ (ತರಂಗದ ಉದ್ದ ಸುಮಾರು 40 ಮೀಟರ್) ಅದು 20 ಮೀಟರ್ ಎತ್ತರ. ಅಷ್ಟು ಎತ್ತರದ ಕಂಬ ಎಷ್ಟು ಜನರ ಹತ್ತಿರ ಇದೆ? 8–10 ಮೀಟರ್‌ಗೆ ಕಟ್ಟಿದ 40 ಮೀಟರ್ ಡೈಪೋಲ್ ಹೆಚ್ಚಾಗಿ ನೆತ್ತಿಯ ಮೇಲಕ್ಕೇ ಕಳಿಸುತ್ತದೆ. ಅಕ್ಕಪಕ್ಕದ ಊರುಗಳಿಗೆ ಅದು ಚೆನ್ನಾಗಿದೆ, ಡಿಎಕ್ಸ್‌ಗೆ (ದೂರದ ಸಂಪರ್ಕಕ್ಕೆ) ಅಲ್ಲ. ನೆಲದ ಮೇಲೆ ನಿಂತ ಕಾಲು ತರಂಗದ ವರ್ಟಿಕಲ್‌ಗೆ ಸಾಧಾರಣ ಮಣ್ಣಿನಲ್ಲಿ ಗರಿಷ್ಠ ಸಿಗುವುದು 25 ಡಿಗ್ರಿಯ ಆಸುಪಾಸಿನಲ್ಲಿ, ಮತ್ತು ಅದಕ್ಕಿಂತ ಕೆಳಗೂ ಒಂದಷ್ಟು ಉಳಿದಿರುತ್ತದೆ. ಎಲ್ಲ ದಿಕ್ಕಿಗೂ ಒಂದೇ ಸಮ. ನಿಲ್ಲಲು ಬೇಕಾದದ್ದು ಒಂದು ಗೇಣು ಜಾಗ.

20 ಮೀಟರ್ ಬ್ಯಾಂಡಿನಲ್ಲಿ 10 ಮೀಟರ್ ಎತ್ತರದ ಡೈಪೋಲ್ ಕಟ್ಟುವ ಅವಕಾಶ ನಿಮಗಿದ್ದರೆ ಅದನ್ನೇ ಕಟ್ಟಿ. ಅಲ್ಲಿ ವರ್ಟಿಕಲ್‌ಗೆ ಅಂಥ ಮೇಲುಗೈ ಇಲ್ಲ.

ಉದ್ದ

ಕಾಲು ತರಂಗದ ಉದ್ದ ಮೀಟರ್‌ನಲ್ಲಿ ಬೇಕಾದರೆ 71.3 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 14.1ಕ್ಕೆ 5.06 ಮೀಟರ್, 7.1ಕ್ಕೆ 10 ಮೀಟರ್, 21.2ಕ್ಕೆ 3.36 ಮೀಟರ್. ಪ್ಲಾಸ್ಟಿಕ್ ಹೊದಿಕೆಯ ತಂತಿಯಾದರೆ ಇದಕ್ಕಿಂತ ಸ್ವಲ್ಪ ಗಿಡ್ಡ ಸಾಕಾಗುತ್ತದೆ. ಉದ್ದವಾಗಿಯೇ ಕತ್ತರಿಸಿ, ಆಮೇಲೆ ತುಸು ತುಸು ಟ್ರಿಮ್ ಮಾಡಿ. ಫೈಬರ್‌ಗ್ಲಾಸ್ ಕೋಲಿಗೆ ತಂತಿ ಕಟ್ಟಿ ನಿಲ್ಲಿಸಿದರೂ ಆಯಿತು.

ಎಸ್‌ಡಬ್ಲ್ಯುಆರ್ ಏರಿತು, ಆದರೂ ಒಳ್ಳೆಯದೇ

ಡೈಪೋಲ್‌ಗೆ ಎರಡು ತೋಳು. ಒಂದು ತೋಳಿಗೆ ಹೋದ ಕರೆಂಟಿಗೆ ಇನ್ನೊಂದು ತೋಳು ಜೊತೆ. ವರ್ಟಿಕಲ್‌ಗೆ ಇರುವುದು ಒಂದೇ ತೋಳು. ಕೋಯಾಕ್ಸ್‌ನ ಒಳತಂತಿಯಿಂದ ಒಂದು ಆಂಪಿಯರ್ ಕಂಬ ಹತ್ತಿತು ಅಂದರೆ ಹೊರ ಜಾಲರಿಯ ಕಡೆಯಿಂದ ಅಷ್ಟೇ ಕರೆಂಟು ವಾಪಸ್ ಬರಬೇಕು. ಎಲ್ಲಿಂದ ಬರುತ್ತದೆ? ಕಂಬದ ಸುತ್ತ ಇರುವ ನೆಲದಿಂದ. ಮಣ್ಣು ಒಳ್ಳೆಯ ವಾಹಕ ಅಲ್ಲ, ಆದ್ದರಿಂದ ಆ ಕರೆಂಟು ಮಣ್ಣನ್ನು ಬಿಸಿ ಮಾಡುತ್ತಾ ಬರುತ್ತದೆ. ಕಂಬದ ಬುಡದಿಂದ ಸುತ್ತಲೂ ಹರಡಿದ ರೇಡಿಯಲ್ ತಂತಿಗಳ ಕೆಲಸ ಆ ಕರೆಂಟನ್ನು ಮಣ್ಣಿನಿಂದ ಎತ್ತಿಕೊಂಡು ತಾಮ್ರದ ಮೂಲಕ ತರುವುದು. ಅಷ್ಟೇ.

ಇನ್ನು ಸಂಖ್ಯೆ. ಆದರ್ಶ ನೆಲದ ಮೇಲೆ ಕಾಲು ತರಂಗದ ವರ್ಟಿಕಲ್‌ನ ರೇಡಿಯೇಷನ್ ರೆಸಿಸ್ಟೆನ್ಸ್ (ಆಕಾಶಕ್ಕೆ ಹೋಗುವ ಶಕ್ತಿಯ ಪಾಲಿನ ರೆಸಿಸ್ಟೆನ್ಸ್) ಸುಮಾರು 36 ಓಮ್. ಕೋಯಾಕ್ಸ್‌ಗೆ, ರೇಡಿಯೋಗೆ ಹೊಂದುವ 50 ಅಲ್ಲ. ಗ್ರೌಂಡ್ ಲಾಸ್ ಇದರ ಜೊತೆ ಸೀರೀಸ್‌ನಲ್ಲಿ ಕೂಡುತ್ತದೆ. ಕೋಯಾಕ್ಸ್ ಆಂಟೆನಾಗೆ ಸೇರುವ ಫೀಡ್ ಪಾಯಿಂಟಿನಲ್ಲಿ ಅಳೆದಾಗ ನಮಗೆ ಕಾಣುವುದು ಎರಡರ ಮೊತ್ತ ಮಾತ್ರ.

ನಾಲ್ಕೇ ನಾಲ್ಕು ರೇಡಿಯಲ್ ಹಾಸಿದ್ದೀರಿ, ಗ್ರೌಂಡ್ ಲಾಸ್ 14 ಓಮ್ ಇದೆ ಅಂದುಕೊಳ್ಳಿ. 36 + 14 = 50. ಮೀಟರ್ 1:1 ತೋರಿಸುತ್ತದೆ. ಮನಸ್ಸಿಗೆ ಸಮಾಧಾನ. ಆದರೆ 100 ವಾಟ್‌ನಲ್ಲಿ 28 ವಾಟ್ ಮಣ್ಣಿಗೆ ಹೋಗುತ್ತಿದೆ. ಈಗ ಇನ್ನಷ್ಟು ರೇಡಿಯಲ್ ಹಾಸಿ ಲಾಸ್ ಅನ್ನು 4 ಓಮ್‌ಗೆ ಇಳಿಸಿದಿರಿ. 36 + 4 = 40. ಎಸ್‌ಡಬ್ಲ್ಯುಆರ್ 1.25:1 ಆಯಿತು. ಮೀಟರ್ ನೋಡಿದರೆ ಕೆಟ್ಟಿತು ಅನ್ನಿಸುತ್ತದೆ, ಆದರೆ ಆಕಾಶಕ್ಕೆ ಹೋಗುತ್ತಿರುವುದು 72ರ ಬದಲು 90 ವಾಟ್!

ನನಗೆ ತುಂಬಾ ಹೊತ್ತು ಒಗ್ಗದೇ ಇದ್ದದ್ದು ಇದೇ ಜಾಗ. ಎಸ್‌ಡಬ್ಲ್ಯುಆರ್ ಹೇಳುವುದು ಎಷ್ಟು ವಾಪಸ್ ಬಂತು ಅನ್ನುವುದನ್ನು ಮಾತ್ರ. ವಾಪಸ್ ಬಾರದ್ದು ಎಲ್ಲಿಗೆ ಹೋಯಿತು ಅಂತ ಅದು ಹೇಳುವುದೇ ಇಲ್ಲ. ತಟ್ಟೆ ಖಾಲಿಯಾಗಿ ಬಂದ ಮಾತ್ರಕ್ಕೆ ಮಗು ಊಟ ಮಾಡಿತು ಅಂತಲ್ಲ, ನಾಯಿಗೆ ಹಾಕಿರಬಹುದು. ಶಕ್ತಿಯನ್ನೆಲ್ಲ ಬರೀ ಬಿಸಿಯಾಗಿಸುವ ಡಮ್ಮಿ ಲೋಡ್‌ನ ಎಸ್‌ಡಬ್ಲ್ಯುಆರ್ 1:1, ಅಲ್ವಾ? ಅದರಲ್ಲಿ ಡಿಎಕ್ಸ್ ಮಾಡಿದವರು ಯಾರೂ ಇಲ್ಲ.

ಹಾಗಂತ 72ಕ್ಕೂ 90ಕ್ಕೂ ಇರುವ ಅಂತರ ಎಷ್ಟು ದೊಡ್ಡದು? ಬರೀ 1 ಡೆಸಿಬೆಲ್. ರಿಸೀವರಿನ ಸಿಗ್ನಲ್ ಮೀಟರಿನಲ್ಲಿ ಒಂದು ಎಸ್ ಯುನಿಟ್ ಅಂದರೆ 6 ಡೆಸಿಬೆಲ್, ಹಾಗಾಗಿ ಆ ಕಡೆ ಕೇಳುವವರಿಗೆ ವ್ಯತ್ಯಾಸ ಗೊತ್ತೂ ಆಗುವುದಿಲ್ಲ. ಪೂರ್ತಿ ಉದ್ದದ ಕಂಬ ಇದ್ದರೆ ಗ್ರೌಂಡ್ ಲಾಸ್ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವ ಅಗತ್ಯವೂ ಇರಲಿಲ್ಲ. ನಿಜವಾದ ಪೆಟ್ಟು ಬೀಳುವುದು ಗಿಡ್ಡ ಕಂಬಕ್ಕೆ. ಜಾಗ ಕಡಿಮೆ ಇರುವ ನಮಗೆ ಸಿಗುವುದೇ ಗಿಡ್ಡ ಕಂಬ.

ಗಿಡ್ಡ ಕಂಬದ ಲೆಕ್ಕ

20 ಮೀಟರ್ ಬ್ಯಾಂಡಿನ 5 ಮೀಟರ್ ಕಂಬವನ್ನೇ 7.1 ಮೆಗಾಹರ್ಟ್ಸ್‌ನಲ್ಲಿ, ಬುಡದಲ್ಲಿ ಕಾಯಿಲ್ ಹಾಕಿ ಬಳಸೋಣ. ತರಂಗದ ಉದ್ದ 42.25 ಮೀಟರ್. ಗಿಡ್ಡ ಕಂಬದ ರೇಡಿಯೇಷನ್ ರೆಸಿಸ್ಟೆನ್ಸ್‌ಗೆ ಒಂದು ಅಂದಾಜು ಸೂತ್ರ ಇದೆ: ಎತ್ತರವನ್ನು ತರಂಗದ ಉದ್ದದಿಂದ ಭಾಗಿಸಿ, ಬಂದದ್ದರ ವರ್ಗವನ್ನು 395ರಿಂದ ಗುಣಿಸಿ. 5 ÷ 42.25 = 0.118. ವರ್ಗ 0.014. ಗುಣಿಸಿದರೆ 5.5 ಓಮ್. 36 ಎಲ್ಲಿ, 5.5 ಎಲ್ಲಿ!

ಇಂಥ ಗಿಡ್ಡ ಕಂಬದ ಎತ್ತರ ಮತ್ತೆ ಅರ್ಧಕ್ಕಿಳಿದರೆ ರೆಸಿಸ್ಟೆನ್ಸ್ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ವರ್ಗದ ಲೆಕ್ಕ ಇದು. ಇದನ್ನು ಮರೆಯಬೇಡಿ.

ಕಾಯಿಲ್‌ನ ಲಾಸ್ ಕೂಡ ಸೇರಿಸಬೇಕು. ಇಂಥ ಕಂಬಕ್ಕೆ ಸುಮಾರು 385 ಓಮ್ ರಿಯಾಕ್ಟೆನ್ಸ್‌ನ ಕಾಯಿಲ್ ಬೇಕು, ಅಂದರೆ 8–9 ಮೈಕ್ರೊಹೆನ್ರಿ. ಕಾಯಿಲ್‌ನ ಕ್ಯೂ (ರಿಯಾಕ್ಟೆನ್ಸ್ ÷ ಲಾಸ್) 200 ಇದ್ದರೆ ಅದರ ಲಾಸ್ ಸುಮಾರು 2 ಓಮ್. ಈಗ ಮೂರು ಸ್ಥಿತಿ ನೋಡಿ.

ರೇಡಿಯಲ್‌ಗಳು ತೀರಾ ಕಳಪೆ, ಗ್ರೌಂಡ್ ಲಾಸ್ 42.5 ಓಮ್. ಒಟ್ಟು 5.5 + 2 + 42.5 = 50. ಎಸ್‌ಡಬ್ಲ್ಯುಆರ್ 1:1, ಬ್ಯಾಂಡ್ ತುಂಬಾ ಚಪ್ಪಟೆ, ಟ್ಯೂನರೇ ಬೇಡ. ಆಕಾಶಕ್ಕೆ ಹೋಗುವುದು 100ರಲ್ಲಿ 11 ವಾಟ್.

ಗ್ರೌಂಡ್ ಲಾಸ್ 15 ಓಮ್. ಒಟ್ಟು 22.5, ಎಸ್‌ಡಬ್ಲ್ಯುಆರ್ 2.2:1. ಆಕಾಶಕ್ಕೆ 24 ವಾಟ್.

ಗ್ರೌಂಡ್ ಲಾಸ್ 5 ಓಮ್. ಒಟ್ಟು 12.5, ಎಸ್‌ಡಬ್ಲ್ಯುಆರ್ 4:1. ಆಕಾಶಕ್ಕೆ 44 ವಾಟ್.

ಮೂರರಲ್ಲಿ ಮೀಟರಿಗೆ ಇಷ್ಟವಾಗುವುದು ಮೊದಲನೆಯದು, ಕೆಲಸ ಮಾಡುವುದು ಕೊನೆಯದು. 11ರಿಂದ 44ಕ್ಕೆ ಅಂದರೆ ನಾಲ್ಕು ಪಟ್ಟು, 6 ಡೆಸಿಬೆಲ್, ಒಂದು ಪೂರ್ತಿ ಎಸ್ ಯುನಿಟ್. ಅದೂ ಬರೀ ನೆಲದ ಮೇಲಿನ ತಂತಿಯಿಂದ. 4:1 ಅನ್ನು ಸರಿ ಮಾಡುವುದು ದೊಡ್ಡ ವಿಷಯ ಅಲ್ಲ. ಫೀಡ್ ಪಾಯಿಂಟಿನಲ್ಲಿ ಒಂದು ಶಂಟ್ ಕಾಯಿಲ್ ಹಾಕಿದರೆ 50 ಓಮ್‌ಗೆ ತರಬಹುದು. ಮಣ್ಣಿಗೆ ಹೋದ ವಾಟ್‌ಗಳನ್ನು ಮಾತ್ರ ಯಾವ ಟ್ಯೂನರೂ ವಾಪಸ್ ತರುವುದಿಲ್ಲ. ಹಾಗಾಗಿ ಯಾರಾದರೂ ತಮ್ಮ ಗಿಡ್ಡ ವರ್ಟಿಕಲ್ 40 ಮೀಟರ್ ಬ್ಯಾಂಡ್ ಪೂರ್ತಿ 1.2ರ ಒಳಗೆ ಬರುತ್ತದೆ ಅಂದರೆ ನನಗೀಗ ಹೊಟ್ಟೆಕಿಚ್ಚಾಗುವುದಿಲ್ಲ, ಅನುಮಾನ ಬರುತ್ತದೆ.

ಇನ್ನೊಂದು ದಾರಿ, ರೇಡಿಯೇಷನ್ ರೆಸಿಸ್ಟೆನ್ಸ್ ಅನ್ನೇ ಏರಿಸುವುದು. ಗಿಡ್ಡ ಕಂಬದಲ್ಲಿ ಕರೆಂಟು ಬುಡದಲ್ಲಿ ಹೆಚ್ಚು, ತುದಿಯಲ್ಲಿ ಸೊನ್ನೆ. ತುದಿಗೆ ನಾಲ್ಕು ಅಡ್ಡ ಕಡ್ಡಿಗಳ ಟೋಪಿ ಹಾಕಿ, ಇಲ್ಲವೇ ಮಿಕ್ಕ ತಂತಿಯನ್ನು ಮೇಲೆ ಅಡ್ಡಕ್ಕೆ ಎಳೆದು ತಲೆಕೆಳಗಾದ ಎಲ್ ಮಾಡಿ. ಆಗ ತುದಿಯವರೆಗೂ ಕರೆಂಟು ಹರಿಯುತ್ತದೆ. ಪೂರ್ತಿ ಸಮವಾಗಿ ಹರಿದರೆ ರೆಸಿಸ್ಟೆನ್ಸ್ ನಾಲ್ಕು ಪಟ್ಟು, ನಮ್ಮ ಕಂಬದಲ್ಲಿ 22 ಓಮ್. ಅಷ್ಟು ಸಿಗುವುದಿಲ್ಲ. 12 ಸಿಕ್ಕಿತು ಅಂತ ಇಟ್ಟುಕೊಳ್ಳಿ, ಕಾಯಿಲ್ ಕೂಡ ಚಿಕ್ಕದಾಗಿ ಅದರ ಲಾಸ್ 1 ಓಮ್‌ಗೆ ಇಳಿಯಿತು. 12 + 1 + 5 = 18, ಆಕಾಶಕ್ಕೆ 67 ವಾಟ್. ಐದೇ ಮೀಟರ್ ಕಂಬಕ್ಕೆ ಇದು ಬಹಳ ಒಳ್ಳೆಯ ಫಲ. ಕಾಯಿಲ್ ದಪ್ಪ ಮಾಡುವುದಕ್ಕಿಂತ ಮೊದಲು ಟೋಪಿ ಹಾಕಿ ಅನ್ನುವುದು ನನ್ನ ಅಭಿಪ್ರಾಯ.

ರೇಡಿಯಲ್ ಎಷ್ಟು, ಎಷ್ಟುದ್ದ

ನೆಲಕ್ಕೆ ತಾಗಿದ ರೇಡಿಯಲ್‌ಗೆ ರೆಸೊನೆನ್ಸ್ ಅನ್ನುವುದು ಇಲ್ಲವೆಂದೇ ಅಂದುಕೊಳ್ಳಿ, ಮಣ್ಣು ಅದನ್ನು ಹಾಳು ಮಾಡಿರುತ್ತದೆ. ಕಾಲು ತರಂಗಕ್ಕೆ ಸರಿಯಾಗಿ ಕತ್ತರಿಸುವ ಗೋಜು ಬೇಡ. 1937ರಲ್ಲಿ ಬ್ರೌನ್, ಲೂಯಿಸ್, ಎಪ್‌ಸ್ಟೈನ್ ಎಂಬ ಮೂವರು ಎಂಜಿನಿಯರ್‌ಗಳು 3 ಮೆಗಾಹರ್ಟ್ಸ್‌ನಲ್ಲಿ 113 ರೇಡಿಯಲ್‌ವರೆಗೂ ಹೂತು ಅಳೆದರು. ಪ್ರಸಾರ ಕೇಂದ್ರಗಳ 120 ರೇಡಿಯಲ್ ಅನ್ನುವ ಮಾತಿನ ಹಿಂದೆ ಇರುವುದು ಆ ಕೆಲಸ. ನಮಗೆ ಅಷ್ಟು ಬೇಡ. ಜಾಗ ಕಡಿಮೆ ಇದ್ದಾಗ ನೆನಪಿಡಬೇಕಾದದ್ದು: ಇರುವ ತಂತಿಯನ್ನು ಕೆಲವೇ ಉದ್ದ ತುಂಡು ಮಾಡುವುದಕ್ಕಿಂತ ಹಲವು ಗಿಡ್ಡ ತುಂಡು ಮಾಡುವುದು ಮೇಲು. 40 ಮೀಟರ್ ಬ್ಯಾಂಡಿಗೆ 64 ಮೀಟರ್ ತಂತಿ ಇದೆಯೇ? 4 ಮೀಟರಿನ 16 ತುಂಡು ಮಾಡಿ ಹರಡಿ. ಏಕೆಂದರೆ ಕರೆಂಟು ದಟ್ಟವಾಗಿರುವುದು ಕಂಬದ ಬುಡದ ಹತ್ತಿರ.

ವೃತ್ತಾಕಾರವಾಗಿಯೇ ಹಾಸಬೇಕೆಂದಿಲ್ಲ. ಗೋಡೆ ಬಂದರೆ ಬಗ್ಗಿಸಿ. ಒಂದು ಕಡೆ ಜಾಗವೇ ಇಲ್ಲದಿದ್ದರೆ ಇರುವ ಕಡೆ ಹಾಸಿ. ನೆಲಕ್ಕೆ ಹೊಡೆದ ಒಂದು ತಾಮ್ರದ ಸರಳು ಸಿಡಿಲಿನ ರಕ್ಷಣೆಯ ಭಾಗ, ಅದು ಇರಲಿ. ಆದರೆ ಅದು ರೇಡಿಯಲ್‌ಗಳ ಕೆಲಸ ಮಾಡುವುದಿಲ್ಲ.

ಎಷ್ಟು ಸಾಕು ಅಂತ ತಿಳಿಯಲು ನನಗೆ ಇಷ್ಟವಾದ ಉಪಾಯ ಇದು. ಆಂಟೆನಾ ಅನಲೈಸರ್ ಅಥವಾ ನ್ಯಾನೊವಿಎನ್‌ಎ ಅನ್ನು ಫೀಡ್ ಪಾಯಿಂಟಿಗೇ ಜೋಡಿಸಿ. ಎಸ್‌ಡಬ್ಲ್ಯುಆರ್ ಪರದೆಯನ್ನು ಬಿಟ್ಟು ಆರ್ (ರೆಸಿಸ್ಟೆನ್ಸ್) ಮತ್ತು ಎಕ್ಸ್ (ರಿಯಾಕ್ಟೆನ್ಸ್) ನೋಡಿ. ಎಕ್ಸ್ ಸೊನ್ನೆಯಾಗುವ ಕಡೆ ಆರ್ ಎಷ್ಟಿದೆ ಅಂತ ಬರೆದುಕೊಳ್ಳಿ. ನಾಲ್ಕು ರೇಡಿಯಲ್ ಸೇರಿಸಿ ಮತ್ತೆ ಬರೆದುಕೊಳ್ಳಿ. ಆರ್ ಇಳಿಯುತ್ತಿದೆ ಅಂದರೆ ಮಣ್ಣಿನ ಪಾಲು ಕಡಿಮೆಯಾಗುತ್ತಿದೆ. ಇಳಿಯುವುದು ಹೆಚ್ಚುಕಡಿಮೆ ನಿಂತಾಗ ನೀವೂ ನಿಲ್ಲಿಸಿ. ಮ್ಯಾಚಿಂಗ್ ಆಮೇಲಿನ ಮಾತು. ಕೋಯಾಕ್ಸ್‌ನ ರೇಡಿಯೋ ಕಡೆಯ ತುದಿಯಲ್ಲಿ ಕೂತು ಅಳೆದರೆ ಈ ಸಂಖ್ಯೆಗಳು ಸಿಗುವುದಿಲ್ಲ, ಕೋಯಾಕ್ಸ್ ಅವುಗಳನ್ನು ಬದಲಾಯಿಸಿಬಿಡುತ್ತದೆ.

ಎತ್ತರಿಸಿದ ರೇಡಿಯಲ್

ನೆಲವೇ ಇಲ್ಲ, ತಾರಸಿ ಮಾತ್ರ ಇದೆ ಅನ್ನುವವರಿಗೆ ಇದು. ರೇಡಿಯಲ್ ಗಾಳಿಯಲ್ಲಿದ್ದರೆ ನಿಯಮ ಉಲ್ಟಾ: ಕಾಲು ತರಂಗಕ್ಕೆ ಟ್ಯೂನ್ ಆಗಿರಲೇಬೇಕು, ಆದರೆ ಎರಡೋ ನಾಲ್ಕೋ ಸಾಕು. ಎದುರುಬದುರು ಎರಡು ಹಾಕಿದರೂ ನಡೆಯುತ್ತದೆ. ನಾಲ್ಕನ್ನು 45 ಡಿಗ್ರಿ ಇಳಿಜಾರಾಗಿ ಕಟ್ಟಿದರೆ ಫೀಡ್ ಪಾಯಿಂಟ್ ಸುಮಾರು 50 ಓಮ್ ಆಗುತ್ತದೆ. ಇಲ್ಲಿನ 50 ಒಳ್ಳೆಯ 50. ಲಾಸ್ ಸೇರಿ ಆದದ್ದಲ್ಲ, ಇಳಿಜಾರು ರೇಡಿಯಲ್‌ಗಳಿಂದ ರೇಡಿಯೇಷನ್ ರೆಸಿಸ್ಟೆನ್ಸೇ ಏರಿ ಆದದ್ದು. ತುದಿಗಳಲ್ಲಿ ವೋಲ್ಟೇಜ್ ಜಾಸ್ತಿ ಇರುತ್ತದೆ, ಯಾರ ಕೈಗೂ ಸಿಗದಂತೆ ಕಟ್ಟಿ. ವಿದ್ಯುತ್ ತಂತಿಗಳಿಂದ ಕಂಬ ಬಿದ್ದರೂ ತಾಗದಷ್ಟು ದೂರ ಇರಲಿ. ಮತ್ತು ಫೀಡ್ ಪಾಯಿಂಟಿನಲ್ಲಿ ಫೆರೈಟ್ ಚೋಕ್ ಹಾಕಿ. ಇಲ್ಲದಿದ್ದರೆ ಕೋಯಾಕ್ಸ್‌ನ ಹೊರಮೈ ಕೂಡ ಒಂದು ರೇಡಿಯಲ್ ಆಗಿ ಮನೆಯೊಳಗಿನ ಗದ್ದಲವನ್ನೆಲ್ಲ ರಿಸೀವರಿಗೆ ತರುತ್ತದೆ.

ಅರ್ಧ ತರಂಗದ ಎಂಡ್-ಫೆಡ್ ನಿಲ್ಲಿಸುವುದು ಮತ್ತೊಂದು ದಾರಿ. 49:1 ಟ್ರಾನ್ಸ್‌ಫಾರ್ಮರ್ ಬೇಕು, ರೇಡಿಯಲ್ ಗೋಳು ಬಹಳ ಕಡಿಮೆ. ಆದರೆ 20 ಮೀಟರ್ ಬ್ಯಾಂಡಿಗೇ 10 ಮೀಟರ್ ಎತ್ತರದ ಕೋಲು ಬೇಕು.

ಕೆಲಸ ಮಾಡುತ್ತಿದೆಯೇ ಅಂತ ನೋಡುವುದು

14.100 ಮೆಗಾಹರ್ಟ್ಸ್‌ಗೆ ಹೋಗಿ ಸಿಡಬ್ಲ್ಯು (ಮೋರ್ಸ್) ಮೋಡ್‌ನಲ್ಲಿ ಮೂರು ನಿಮಿಷ ಸುಮ್ನೆ ಕೂತು ಕೇಳಿ. ಜಗತ್ತಿನ ಬೇರೆ ಬೇರೆ ಕಡೆ ಇರುವ 18 ಬೀಕನ್‌ಗಳಿಗೆ ಅಲ್ಲಿ ತಲಾ 10 ಸೆಕೆಂಡಿನ ಸರದಿ. ಕರೆಚಿಹ್ನೆ ಬರುತ್ತದೆ, ಆಮೇಲೆ ನಾಲ್ಕು ಉದ್ದ ಡ್ಯಾಶ್: 100 ವಾಟ್, 10 ವಾಟ್, 1 ವಾಟ್, 0.1 ವಾಟ್. ಮೂರನೆಯ ಡ್ಯಾಶ್ ಕೇಳಿಸಿತು ಅಂದರೆ ಆ ಕಡೆಗೆ ಬ್ಯಾಂಡ್ ಚೆನ್ನಾಗಿ ತೆರೆದಿದೆ.

ಆದರೆ ಇದರಿಂದ ಗ್ರೌಂಡ್ ಲಾಸ್ ಗೊತ್ತಾಗುವುದಿಲ್ಲ. ಎಚ್‌ಎಫ್‌ನಲ್ಲಿ ಹೊರಗಿನಿಂದ ಬರುವ ಗದ್ದಲವೇ ಜಾಸ್ತಿ. ಲಾಸ್ ಹೆಚ್ಚಿದ್ದರೆ ಸಿಗ್ನಲ್ ಎಷ್ಟು ತಗ್ಗುತ್ತದೋ ಗದ್ದಲವೂ ಅಷ್ಟೇ ತಗ್ಗುತ್ತದೆ, ಕೇಳುವುದಕ್ಕೆ ವ್ಯತ್ಯಾಸವೇ ಇರುವುದಿಲ್ಲ. 11 ವಾಟ್ ಮಾತ್ರ ಹೊರಸೂಸುವ ಆಂಟೆನಾ ಕೂಡ ಬೀಕನ್‌ಗಳನ್ನು ಸೊಗಸಾಗಿ ಕೇಳಿಸುತ್ತದೆ. "ಎಲ್ಲರೂ ಕೇಳಿಸುತ್ತಾರೆ, ಯಾರೂ ಉತ್ತರ ಕೊಡುವುದಿಲ್ಲ" ಅನ್ನುವ ದೂರಿಗೆ ಇದೂ ಒಂದು ಕಾರಣ.

ಕಳಿಸುವ ಕಡೆ ಪರೀಕ್ಷಿಸಲು ವಿಸ್ಪರ್ (WSPR) ಅನ್ನುವ ಡಿಜಿಟಲ್ ಮೋಡ್ ಬಳಸಿ. ಒಂದೊಂದು ಪ್ರಸಾರ ಸುಮಾರು ಎರಡು ನಿಮಿಷದ್ದು, ಕೇಳಿದ ಕೇಂದ್ರಗಳು ಡೆಸಿಬೆಲ್‌ನಲ್ಲಿ ವರದಿ ಹಾಕುತ್ತವೆ. ಒಂದೆರಡು ವರದಿ ನೋಡಿ ತೀರ್ಮಾನಕ್ಕೆ ಬರಬೇಡಿ, ಫೇಡಿಂಗ್‌ನಿಂದಲೇ 10 ಡೆಸಿಬೆಲ್ ಮೇಲೆ ಕೆಳಗೆ ಆಗುತ್ತದೆ. ಸಾಧ್ಯವಾದರೆ ಹೋಲಿಸಲು ಇನ್ನೊಂದು ಆಂಟೆನಾ ಇಟ್ಟುಕೊಂಡು ಒಂದಾದ ಮೇಲೊಂದರಂತೆ ಕಳಿಸಿ, ಒಂದೇ ದೂರದ ಕೇಂದ್ರದಿಂದ ಬಂದ ಬಹಳಷ್ಟು ವರದಿಗಳ ಸರಾಸರಿ ತೆಗೆಯಿರಿ. ರೇಡಿಯಲ್ ಸೇರಿಸುವ ಮೊದಲು ಒಮ್ಮೆ, ಸೇರಿಸಿದ ಮೇಲೆ ಒಮ್ಮೆ. ಎರಡು ಸರಾಸರಿಗಳ ನಡುವೆ 3 ಡೆಸಿಬೆಲ್ ಏರಿಕೆ ಕಂಡರೆ ಆರ್ ಇಳಿದಿದ್ದಕ್ಕೂ ಅದಕ್ಕೂ ತಾಳೆ ನೋಡಿ. ಏರಿಕೆ ಏನೂ ಕಾಣದಿದ್ದರೆ ರೇಡಿಯಲ್ ಅಷ್ಟಕ್ಕೇ ಬಿಟ್ಟು ಟೋಪಿಯ ಕಡೆ ಗಮನ ಕೊಡಿ.